ತಲೆಯಲ್ಲಿ ಸುತ್ತುವ ಹಾಡಿನಿಂದ ಬಿಡಿಸಿಕೊಳ್ಳುವುದು ಹೇಗೆ?

ಹಾಡೊಂದು ತಲೆಯಲ್ಲಿ ಕೂತುಬಿಟ್ಟಾಗ ಬಹುತೇಕರು ಮೊದಲು ಮಾಡುವ ಕೆಲಸವೇ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಇನ್ನು ಅದನ್ನು ನೆನೆಯಲೇಬಾರದು ಎಂದು ಅವರು ಹಟ ಹಿಡಿಯುತ್ತಾರೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರ ಮನಸ್ಸಿಗೆ ಆ ಕರಡಿಯೇ ಮತ್ತೆ ಮತ್ತೆ ಬಂದದ್ದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಹಾಡಿನ ವಿಷಯದಲ್ಲೂ ಹೀಗೆಯೇ ಆಗುತ್ತದೆ: ಅದು ನಿಂತಿದೆಯೇ ಎಂದು ಒಳಗೆ ಇಣುಕಿ ನೋಡಿದಾಗಲೆಲ್ಲ ನಾವೇ ಅದನ್ನು ಮತ್ತೆ ಶುರು ಮಾಡಿರುತ್ತೇವೆ. ಆದ್ದರಿಂದ ಮುಂದೆ ಹೇಳುವ ಯಾವ ಹೆಜ್ಜೆಯಲ್ಲೂ ಹಾಡಿನೊಡನೆ ಗುದ್ದಾಟವಿಲ್ಲ.

ಇದು ಕಾಯಿಲೆಯಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಫಿನ್ಲೆಂಡಿನಲ್ಲಿ 12,000ಕ್ಕೂ ಹೆಚ್ಚು ಜನರು ಉತ್ತರಿಸಿದ ಅಂತರ್ಜಾಲ ಸಮೀಕ್ಷೆಯೊಂದರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ತಮಗೆ ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ ಎಂದಿದ್ದರು. ಪರಿಚಿತ ಹಾಡಿನ ನಡುವೆ ಕೆಲವು ಕ್ಷಣ ಸದ್ದು ನಿಲ್ಲಿಸಿದರೂ ಮಿದುಳಿನ ಶ್ರವಣ ಭಾಗ ತನ್ನ ಪಾಡಿಗೆ ಹಾಡನ್ನು ಮುಂದುವರಿಸುತ್ತದೆ ಎಂಬುದು 2005ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನದಲ್ಲಿ ಕಂಡುಬಂದಿದೆ. ಹೆಚ್ಚಿನವರಿಗೆ ಈ ಗುಂಗು ಹಿತವಾಗಿಯೋ ಏನೂ ಅನ್ನಿಸದಂತೆಯೋ ಇರುತ್ತದೆ. ನಿಮಗೂ ಹಾಗೆಯೇ ಇದ್ದರೆ ಏನನ್ನೂ ಮಾಡದೆ ಬಿಟ್ಟುಬಿಡುವುದೇ ಒಳ್ಳೆಯದು. ಓದಿಗೆ, ಕೆಲಸಕ್ಕೆ ಅಥವಾ ನಿದ್ದೆಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆಗಳು ಬೇಕಾಗುತ್ತವೆ.

ಮೊದಲು: ಸುತ್ತುತ್ತಿರುವ ತುಣುಕನ್ನು ಗುರುತಿಸಿ

ತಲೆಯಲ್ಲಿ ಸುತ್ತುವುದು ಇಡೀ ಹಾಡಾಗಿರುವುದು ಅಪರೂಪ. ಸಾಮಾನ್ಯವಾಗಿ ಪಲ್ಲವಿಯ ಒಂದೆರಡು ಸಾಲುಗಳು ಮಾತ್ರ ಇರುತ್ತವೆ. ಒಂದು ನಿಮಿಷ ಸುಮ್ಮನೆ ಕುಳಿತು ಆ ತುಣುಕನ್ನು ಗಮನವಿಟ್ಟು ಹಿಂಬಾಲಿಸಿದರೆ, ಅದು ಎಲ್ಲಿಂದ ಆರಂಭವಾಗುತ್ತದೆ, ಯಾವ ಪದಕ್ಕೆ ಬಂದು ತಟ್ಟನೆ ಹಿಂದಿರುಗುತ್ತದೆ ಎಂಬುದು ಗೊತ್ತಾಗುತ್ತದೆ. ಎಷ್ಟೋ ಸಲ ಅದು ಹಿಂದಿರುಗುವ ಜಾಗ ನಮಗೆ ಮುಂದಿನ ಸಾಲು ನೆನಪಿಲ್ಲದ ಜಾಗವೇ ಆಗಿರುತ್ತದೆ. ನೆನಪು ಅಲ್ಲಿ ಎಡವಿ, ಗೊತ್ತಿರುವ ಸಾಲಿಗೇ ವಾಪಸು ಬರುತ್ತದೆ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಗೆ ಅದು ಎಲ್ಲಿಂದ ಬಂತೆಂದು ಯೋಚಿಸಿ: ಇತ್ತೀಚೆಗೆ ಕೇಳಿದ್ದರಿಂದಲೋ, ಹಲವು ಬಾರಿ ಕೇಳಿದ್ದರಿಂದಲೋ, ಯಾರೋ ಆಡಿದ ಒಂದು ಮಾತು ಹಾಡಿನ ಸಾಲನ್ನು ನೆನಪಿಸಿದ್ದರಿಂದಲೋ, ಇಲ್ಲವೇ ಕೈಗೆ ಕೆಲಸವಿದ್ದು ಮನಸ್ಸು ಖಾಲಿಯಾಗಿದ್ದುದರಿಂದಲೋ.

ಎರಡನೆಯದು: ಹಾಡನ್ನು ಒಮ್ಮೆ ಪೂರ್ತಿ ಕೇಳಿ

ಅರ್ಧಕ್ಕೆ ನಿಂತ ಕೆಲಸ ಮುಗಿಸಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ವರದಿ ಮಾಡಿದ್ದರು. ಹಾಡಿನ ತುಣುಕು ಸುತ್ತುವುದಕ್ಕೂ ಇಂಥ ಅಪೂರ್ಣತೆಯೇ ಕಾರಣವಿರಬಹುದು ಎಂಬ ಊಹೆಯಿದೆ. ಇದು ಎಲ್ಲರಿಗೂ ಫಲಿಸುವ ನಿಯಮವಲ್ಲ, ಆದರೂ ಮೊದಲು ಪ್ರಯತ್ನಿಸಲು ಯೋಗ್ಯ ಎಂಬುದು ನನ್ನ ಅಭಿಪ್ರಾಯ. ಹಾಡನ್ನು ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಕೇಳಿ. ಚರಣಗಳ ಸಾಹಿತ್ಯ ಗೊತ್ತಿಲ್ಲದಿದ್ದರೆ ಎದುರಿಗಿಟ್ಟುಕೊಂಡು ಓದುತ್ತ ಕೇಳಿ. ಹಾಡು ಮುಗಿಯುವ ಬಗೆಯನ್ನು ವಿಶೇಷವಾಗಿ ಗಮನಿಸಿ. ಒಮ್ಮೆ ಮಾತ್ರ ಕೇಳಬೇಕು. ಪದೇ ಪದೇ ಕೇಳುವುದೇ ಈ ಗುಂಗಿನ ಮುಖ್ಯ ಕಾರಣಗಳಲ್ಲಿ ಒಂದಾದ್ದರಿಂದ ಎರಡನೆಯ ಸಲ ಕೇಳಿದರೆ ಮದ್ದೇ ರೋಗವಾದೀತು.

ಮೂರನೆಯದು: ದವಡೆಗೆ, ನಾಲಿಗೆಗೆ ಕೆಲಸ ಕೊಡಿ

ಇದು ಎಲ್ಲಕ್ಕಿಂತ ಸುಲಭವಾದ ಉಪಾಯ. ಇದರ ಹಿಂದಿನ ಕಾರಣವೂ ಸ್ವಾರಸ್ಯಕರವಾಗಿದೆ. ನಾವು ಮನಸ್ಸಿನಲ್ಲೇ ಹಾಡಿಕೊಳ್ಳುವಾಗ ಮಾತಾಡಲು ಬಳಸುವ ವ್ಯವಸ್ಥೆಯನ್ನೇ ಸದ್ದಿಲ್ಲದೆ ಬಳಸುತ್ತಿರುತ್ತೇವೆ. ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ಅಲ್ಪಾವಧಿ ನೆನಪಿನ ಮಾದರಿಯಲ್ಲಿ ಈ ಒಳದನಿಗೆ ಒಂದು ಪ್ರತ್ಯೇಕ ಸ್ಥಾನವಿದೆ: ಕೇಳಿದ್ದನ್ನು ಒಳಗೇ ಉಚ್ಚರಿಸುತ್ತ ಮರೆಯದಂತೆ ಹಿಡಿದಿಡುವ ಸುರುಳಿ ಅದು. ಆ ದಾರಿಯನ್ನು ಬೇರೊಂದು ಕೆಲಸ ಆಕ್ರಮಿಸಿಕೊಂಡರೆ ಹಾಡಿಗೆ ಓಡಾಡಲು ಜಾಗ ಸಿಗುವುದಿಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪರೀಕ್ಷಿಸಿದಾಗ, ಹಾಡು ಕೇಳಿದ ಮೇಲೆ ಚೂಯಿಂಗ್ ಗಮ್ ಜಗಿದವರಿಗೆ ಆ ಹಾಡು ಮರುಕಳಿಸಿದ್ದು ಕಡಿಮೆ. ಬೆರಳಿನಿಂದ ತಾಳ ಕುಟ್ಟಿದವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಅಂದರೆ ಗಮನ ಬೇರೆಡೆಗೆ ಹರಿದದ್ದಷ್ಟೇ ಇದಕ್ಕೆ ಕಾರಣವಲ್ಲ, ದವಡೆಯ ಚಲನೆಗೂ ಇದರಲ್ಲಿ ಪಾತ್ರವಿದೆ. ಚೂಯಿಂಗ್ ಗಮ್ ಇಷ್ಟವಿಲ್ಲದವರು ಒಂದು ಪುಟವನ್ನು ಗಟ್ಟಿಯಾಗಿ ಓದಬಹುದು ಅಥವಾ ಯಾರೊಂದಿಗಾದರೂ ಮಾತಿಗೆ ಕೂರಬಹುದು.

ನಾಲ್ಕನೆಯದು: ಹದವಾದ ಕೆಲಸ ಆರಿಸಿಕೊಳ್ಳಿ

ಅಮೆರಿಕದ ಐರಾ ಹೈಮನ್ ಮತ್ತು ಸಂಗಡಿಗರ 2013ರ ಅಧ್ಯಯನದ ಪ್ರಕಾರ, ಕೆಲಸ ತೀರಾ ಸುಲಭವಾಗಿದ್ದರೂ ತೀರಾ ಕಷ್ಟವಾಗಿದ್ದರೂ ಮನಸ್ಸು ಅಲೆದಾಡಿ ಹಾಡು ನುಸುಳುತ್ತದೆ. ಪದಬಂಧ, ಸುಡೊಕು, ಪತ್ರ ಬರೆಯುವುದು, ಹಿಡಿದಿಡುವಂಥ ಕಥೆಯ ಓದು ಮುಂತಾದವುಗಳಲ್ಲಿ ನಿಮ್ಮ ಶಕ್ತಿಗೆ ತಕ್ಕದ್ದನ್ನು ಆರಿಸಿಕೊಳ್ಳಿ. ಪದಗಳೊಡನೆ ವ್ಯವಹರಿಸುವ ಕೆಲಸವಾದರೆ ಹಿಂದಿನ ಹೆಜ್ಜೆಯ ಲಾಭವೂ ಸೇರಿಕೊಳ್ಳುತ್ತದೆ.

ಒಂದು ಹಾಡನ್ನು ಇನ್ನೊಂದರಿಂದ ಓಡಿಸುವ ರೂಢಿ ಅನೇಕರಲ್ಲಿದೆ. ಹೊಸದೇ ಗಂಟುಬೀಳುವ ಅಪಾಯವಿರುವುದರಿಂದ ನಾನು ಇದನ್ನು ಕೊನೆಗೆ ಇಡುತ್ತೇನೆ. ಮಾಡುವುದಾದರೆ ಆಯ್ಕೆಯಲ್ಲಿ ಎಚ್ಚರವಿರಲಿ. ಡರ್ಹ್ಯಾಮ್ ವಿಶ್ವವಿದ್ಯಾಲಯದ ಕೆಲ್ಲಿ ಜಾಕುಬೊವ್‌ಸ್ಕಿ ಮತ್ತು ಸಂಗಡಿಗರು 3,000 ಜನರಿಂದ ಮಾಹಿತಿ ಪಡೆದು ಕಂಡುಕೊಂಡಂತೆ, ತಲೆಗೆ ಅಂಟುವ ಹಾಡುಗಳ ನಡೆ ಸಾಮಾನ್ಯವಾಗಿ ಚುರುಕಾಗಿರುತ್ತದೆ, ಒಟ್ಟಾರೆ ಏರಿಳಿತ ಪರಿಚಿತವೆನಿಸುತ್ತದೆ, ಆದರೆ ನಡುವೆ ಎಲ್ಲೋ ಅನಿರೀಕ್ಷಿತವಾದ ಜಿಗಿತವೋ ಪುನರಾವರ್ತನೆಯೋ ಇರುತ್ತದೆ. ಹಾಗಾಗಿ ನಿಧಾನ ಗತಿಯ, ಹೆಚ್ಚು ಪುನರಾವರ್ತನೆಯಿಲ್ಲದ ದೀರ್ಘ ರಚನೆ ಸುರಕ್ಷಿತ.

ರಾತ್ರಿ ಕಾಡುವ ಹಾಡಿಗೆ

ಮಲಗುವ ಹೊತ್ತಿಗೆ ಸಂಗೀತ ಕೇಳುವವರು ಇದನ್ನು ಗಮನಿಸಬೇಕು. ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲ್ಲಿನ್ ಮತ್ತು ಸಂಗಡಿಗರ 2021ರ ಅಧ್ಯಯನದಲ್ಲಿ, ಜನಪ್ರಿಯ ಹಾಡುಗಳ ವಾದ್ಯ ರೂಪವು ಸಾಹಿತ್ಯವಿರುವ ಮೂಲ ಹಾಡಿಗಿಂತ ಹೆಚ್ಚಾಗಿ ತಲೆಯಲ್ಲಿ ಉಳಿದು ನಿದ್ದೆ ಕೆಡಿಸಿತು. ಮಾತಿಲ್ಲದ ಸಂಗೀತ ಶಾಂತವೆಂದು ನಂಬಿದವರಿಗೆ ಇದು ಅಚ್ಚರಿಯ ಸಂಗತಿ. ಮಲಗುವುದಕ್ಕೆ ಸಾಕಷ್ಟು ಮುಂಚೆಯೇ ಸಂಗೀತ ನಿಲ್ಲಿಸಿ, ಐದು ನಿಮಿಷ ಮರುದಿನದ ಕೆಲಸಗಳ ಪಟ್ಟಿ ಬರೆಯಿರಿ. ಹೀಗೆ ಬರೆದವರು ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಹೋದರೆಂದು ಸ್ಕಲ್ಲಿನ್ ತಂಡದ 2018ರ ಅಧ್ಯಯನ ಹೇಳುತ್ತದೆ.

ಹಾಡು ತಲೆಯೊಳಗಲ್ಲದೆ ಹೊರಗೆಲ್ಲೋ ನಿಜವಾಗಿ ಕೇಳುತ್ತಿರುವಂತೆ ಅನ್ನಿಸಿದರೆ ಅದು ಬೇರೆ ಸಂಗತಿ. ಕಿವಿ ಮಂದವಾಗುತ್ತಿರುವವರಲ್ಲಿ ಕೆಲವೊಮ್ಮೆ ಹೀಗಾಗುತ್ತದೆ. ಶ್ರವಣ ಪರೀಕ್ಷೆ ಮಾಡಿಸಬೇಕು. ವಾರಗಟ್ಟಲೆ ಬಿಡದೆ ಕಾಡಿ ಆತಂಕ ಹುಟ್ಟಿಸುವ ಹಾಡು ಗೀಳು ಸಮಸ್ಯೆಯ ಭಾಗವಾಗಿರುವ ಸಾಧ್ಯತೆಯಿದೆ. ಅಂಥವರು ಈ ಉಪಾಯಗಳನ್ನೇ ನೆಚ್ಚಿಕೊಳ್ಳದೆ ಮನೋವೈದ್ಯರನ್ನು ಕಾಣಬೇಕು.