ಮದ್ದು ನಾಟ್ತಾ ಇಲ್ಲ ಅಂತ ಎರಡು ವರ್ಷ ಹೇಳಿದೆ

ಮಗನಿಗೆ ಈಗ 11 ವರ್ಷ. ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ, ಕೂತಲ್ಲಿ ಕೂರಲಿಕ್ಕೆ ಆಗದ ತೊಂದರೆ ಅಂತ ಡಾಕ್ಟರು ಹೇಳಿದ್ದು ಅವನು ಎರಡನೇ ಕ್ಲಾಸಲ್ಲಿ ಇದ್ದಾಗ. ಅಲ್ಲಿಂದ ಎರಡು ವರ್ಷ ನನ್ನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಮದ್ದು ನಾಟ್ತಾ ಇಲ್ಲ. ಡಾಕ್ಟರ ಹತ್ತಿರ ಹೇಳಿದೆ, ಟೀಚರ ಹತ್ತಿರ ಹೇಳಿದೆ, ರಾತ್ರಿ ಮಸ್ಕತ್‌ನಿಂದ ಫೋನ್ ಮಾಡುವ ಗಂಡನ ಹತ್ತಿರವಂತೂ ದಿನಾ ಹೇಳಿದೆ. ಯಾವ ಹೊತ್ತಿಗೆ ನಾಟ್ತಾ ಇಲ್ಲ, ಯಾವುದಕ್ಕೆ ನಾಟ್ತಾ ಇಲ್ಲ ಅಂತ ಯಾರಾದ್ರೂ ತಿರುಗಿ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೂ ಕೇಳಲೂ ಇಲ್ಲ ಅನ್ನಿ.

ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಬದಿ. ಮನೆಯಲ್ಲಿ ನಾನು, ಮಗ, ಅತ್ತೆ. ನನ್ನ ಕೆಲಸ ಕಾರ್ಕಳದಲ್ಲಿ, ಬೆಳಿಗ್ಗೆ ಏಳೂವರೆಗೆ ಮನೆ ಬಿಡಬೇಕು. ಮಗನ ವ್ಯಾನ್ ಬರುವುದು ಎಂಟೂಕಾಲಕ್ಕೆ. ಹಾಗಾಗಿ ತಿಂಡಿ ಕೊಟ್ಟು, ಮಾತ್ರೆ ಕೊಟ್ಟು ಕಳಿಸುವುದು ಅತ್ತೆಯ ಪಾಲಿಗೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ನಾನು ಮಗನನ್ನು ನೋಡುತ್ತಿದ್ದದ್ದು ಸಂಜೆ. ಆರೂವರೆ ಗಂಟೆ, ದೀಪ ಹಚ್ಚಿ ಆಗಿದೆ, ಚಾವಡಿಯಲ್ಲಿ ಚಾಪೆ, ಅದರ ಮೇಲೆ ಕನ್ನಡ ಕಾಪಿ ಪುಸ್ತಕ. ಐದು ಸಾಲು ನೋಡಿ ಬರೆಯಬೇಕು, ಅಷ್ಟೇ. ಮೊದಲ ಸಾಲಿನ ಮೂರನೇ ಶಬ್ದಕ್ಕೆ ಪೆನ್ಸಿಲ್ ಮೊನೆ ಮುರಿಯುತ್ತದೆ. ಶಾರ್ಪ್ನರ್ ತರಲಿಕ್ಕೆ ಎದ್ದವನು ಅಂಗಳದಲ್ಲಿ ಬೆಕ್ಕಿನ ಮರಿಯ ಜೊತೆ ಇರುತ್ತಾನೆ. ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದರೆ ಪೆನ್ಸಿಲಿನಿಂದ ರಬ್ಬರಿಗೆ ತೂತು ಕೊರೆಯುತ್ತಾನೆ, ಆ ತೂತಿಗೆ ದಾರ ಹಾಕಿ ತಿರುಗಿಸುತ್ತಾನೆ. ಏಳೂವರೆಗೆ ಎರಡು ಸಾಲು. ನಾನು ಕಿರುಚುತ್ತೇನೆ, ಅವನು ಅಳುತ್ತಾನೆ, ಅತ್ತೆ ಒಳಗಿಂದ "ಸಾಕು ಮಾರಾಯ್ತಿ, ಮಗುವನ್ನು ಕೊಲ್ಲಬೇಡ" ಅನ್ನುತ್ತಾರೆ. ಇದು ಒಂದು ದಿನದ ಕತೆ ಅಲ್ಲ, ನಿತ್ಯದ ಪೂಜೆ.

ಮೇಲಿಂದ ನೆಂಟರ ಮಾತು. ವಿಟ್ಲಪಿಂಡಿ ದಿನ, ಅಂದ್ರೆ ಕೃಷ್ಣಾಷ್ಟಮಿಯ ಮರುದಿನ, ರಥಬೀದಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಪೆಟ್ಟು ಕೇಳುತ್ತಾ ಇದೇ ಹುಡುಗ ಎರಡು ಗಂಟೆ ನಿಂತಲ್ಲೇ ನಿಂತಿರುತ್ತಾನೆ, ಮನೆಗೆ ಬಂದು ಆ ಪೆಟ್ಟನ್ನು ತಪ್ಪಿಲ್ಲದೆ ಪಾತ್ರೆ ಮೇಲೆ ಬಾರಿಸುತ್ತಾನೆ. "ಇವನಿಗೆ ಗಮನ ಇಲ್ಲ ಅಂತ ಯಾರು ಹೇಳಿದ್ದು? ಸಲಿಗೆ ಜಾಸ್ತಿ ಆಯ್ತು." ನನಗೂ ಹಾಗೇ ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಇಂಥ ಮಕ್ಕಳಿಗೆ ಗಮನ ಇದ್ದೇ ಇರುತ್ತದೆ, ಅದನ್ನು ಬೇಕೆಂದಾಗ ಬೇಕಾದ ಕಡೆ ತಿರುಗಿಸಲಿಕ್ಕೆ ಆಗುವುದಿಲ್ಲ, ತಾಸೆ ತಾನಾಗಿ ಎಳೆದುಕೊಳ್ಳುತ್ತದೆ, ಕಾಪಿ ಪುಸ್ತಕ ಎಳೆದುಕೊಳ್ಳುವುದಿಲ್ಲ. ಇದು ನನಗೆ ತಲೆಗೆ ಹೋದದ್ದು ಬಹಳ ತಡವಾಗಿ.

ಮೊದಲು ಕೊಟ್ಟ ಮದ್ದು ಮಿಥೈಲ್‌ಫೆನಿಡೇಟ್, ಬೇಗ ಕೆಲಸ ಶುರು ಮಾಡುವ ನಮೂನೆಯದ್ದು, ಬೆಳಿಗ್ಗೆ ಒಂದು. ಟೀಚರು "ಸ್ವಲ್ಪ ವಾಸಿ, ಆದ್ರೆ ಊಟದ ನಂತರ ಮತ್ತೆ ಅದೇ" ಅಂದರು. ಆ "ಊಟದ ನಂತರ" ಅನ್ನುವ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಡಾಕ್ಟರಿಗೆ ಹೇಳಿ ಡೋಸ್ ಜಾಸ್ತಿ ಮಾಡಿಸಿದೆ. ಸಂಜೆ ಏನೂ ಬದಲಾಗಲಿಲ್ಲ, ಟಿಫಿನ್ ಡಬ್ಬಿ ಮಾತ್ರ ಹಾಗೇ ವಾಪಸ್ ಬರಲಿಕ್ಕೆ ಶುರುವಾಯಿತು. ನಾಲ್ಕು ತಿಂಗಳಲ್ಲಿ ಒಂದೂವರೆ ಕೆಜಿ ಇಳಿದ. ಗಾಬರಿಯಾಗಿ ಬೇರೆ ಮದ್ದು ಕೇಳಿದೆ. ಆಟೊಮಾಕ್ಸೆಟಿನ್ ಬಂತು. ಅದರ ಗುಣ ಕಾಣಲಿಕ್ಕೆ ನಾಲ್ಕರಿಂದ ಆರು ವಾರ ಬೇಕು ಅಂತ ಚೀಟಿ ಬರೆಯುವಾಗಲೇ ಹೇಳಿದ್ದರು. ನಾನು 18ನೇ ದಿನಕ್ಕೆ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ಮಿಥೈಲ್‌ಫೆನಿಡೇಟ್‌ನ ಉಳಿದ ಮಾತ್ರೆ ಮತ್ತೆ ಶುರು ಮಾಡಿದೆ, ಆಮೇಲೆ ಹೋಗಿ ಬೈಸಿಕೊಂಡೆ.

ಚೌತಿಗೆ ಎರಡು ದಿನ ಇರುವಾಗ ಅಡುಗೆಕೋಣೆ ಕ್ಲೀನ್ ಮಾಡುತ್ತಿದ್ದೆ. ಮೆಂತೆ ಡಬ್ಬಿಯಲ್ಲಿ ಕೈಗೆ ಏನೋ ತಾಗಿತು. ಮಾತ್ರೆ. ಒಂದೊಂದಾಗಿ ಸ್ಟ್ರಿಪ್ ಕತ್ತರಿಸಿ ಇಟ್ಟದ್ದು, 19 ಇತ್ತು.

ಅತ್ತೆ ಬಚ್ಚಿಡಲಿಲ್ಲ. "ಹೌದು, ಕೆಲವು ದಿನ ಕೊಡ್ಲಿಲ್ಲ. ಅಷ್ಟು ಸಣ್ಣ ಮಗುವಿಗೆ ತಲೆಗೆ ಹೋಗುವ ಮದ್ದು ದಿನಾ ಕೊಡ್ಲಿಕ್ಕುಂಟಾ? ತಿಮರೆ ಚಟ್ನಿ ಮಾಡಿ ಹಾಕಿದ್ದೇನಲ್ಲ." ನಮ್ಮ ಕಡೆ ತಿಮರೆ, ಅಂದ್ರೆ ಒಂದೆಲಗ, ಬುದ್ಧಿಗೆ ಒಳ್ಳೆದು ಅಂತ ಎಲ್ಲ ಅಜ್ಜಿಯರೂ ಕೊಡುವುದೇ. ಚಟ್ನಿ ಒಳ್ಳೆಯದೇ, ನಾನೂ ತಿನ್ನುತ್ತೇನೆ. ಆದ್ರೆ ಅತ್ತೆಗೆ ಹೆದರಿಕೆ ಹುಟ್ಟಿದ್ದು ಎಲ್ಲಿಂದ ಅಂತ ಕೇಳಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಒಮ್ಮೆ ಮೆಡಿಕಲ್‌ಗೆ ಅವರನ್ನೂ ಕರ್ಕೊಂಡು ಹೋಗಿದ್ದೆ. ಎರಡು ಅಂಗಡಿಯಲ್ಲಿ ಇಲ್ಲ ಅಂದರು, ಮೂರನೆಯವರು ಬೀಗ ತೆಗೆದು ಕೊಟ್ಟರು, ಚೀಟಿಯ ಒಂದು ಪ್ರತಿ ಇಟ್ಟುಕೊಂಡರು. "ಬೇರೆ ಯಾವ ಮದ್ದಿಗೂ ಹೀಗೆ ಬೀಗ ಹಾಕುವುದಿಲ್ಲ, ಇದು ವಿಷವೇ ಇರ್ಬೇಕು" ಅಂತ ಅವರು ಅವತ್ತೇ ತೀರ್ಮಾನ ಮಾಡಿದ್ದರು. ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ನಲ್ಲಿ, ಅಂದ್ರೆ ಕಟ್ಟುನಿಟ್ಟಾಗಿ ಮಾರಬೇಕಾದ ಮದ್ದುಗಳ ಸರ್ಕಾರಿ ಪಟ್ಟಿಯಲ್ಲಿ ಬರುತ್ತದೆ. ದುರುಪಯೋಗ ಆಗಬಹುದು ಅಂತ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಡಬೇಕು. ಇದನ್ನು ಮನೆಯ ಹಿರಿಯರಿಗೆ ಮೊದಲೇ ಕೂತು ಹೇಳಬೇಕಿತ್ತು. ನಾನು ಹೇಳಿದ್ದು "ದಿನಾ ಕೊಡಿ ಆಯ್ತಾ" ಅಂತ ಮಾತ್ರ.

ಅದೇ ತಿಂಗಳು ಮಣಿಪಾಲದಲ್ಲಿ ಇನ್ನೊಬ್ಬ ಡಾಕ್ಟರನ್ನು ಕಂಡೆವು. 19 ಮಾತ್ರೆಯ ಕತೆ ನಾಚಿಕೆ ಬಿಟ್ಟು ಹೇಳಿದೆ, ಅವರು ನಕ್ಕರು. ಹೊಸ ಮದ್ದು ಬರೆಯಲಿಲ್ಲ. "ಎರಡು ವಾರ ಇದನ್ನೇ ಒಂದು ದಿನವೂ ತಪ್ಪದೆ ಕೊಡಿ. ಒಂದು ಪುಸ್ತಕದಲ್ಲಿ ಬರೀರಿ, ಎಷ್ಟು ಹೊತ್ತಿಗೆ ಮಾತ್ರೆ, ಎಷ್ಟು ಹೊತ್ತಿಗೆ ಊಟ, ಎಷ್ಟಕ್ಕೆ ನಿದ್ದೆ, ಯಾವ ಹೊತ್ತಿಗೆ ಗಲಾಟೆ." ಜೊತೆಗೆ ಮಗುವಿನ ಲಕ್ಷಣ ಎಷ್ಟು ಉಂಟು ಅಂತ ಅಳೆಯುವ ವಾಂಡರ್‌ಬಿಲ್ಟ್ ಫಾರ್ಮ್, ನಮಗೆ 55 ಪ್ರಶ್ನೆಯದ್ದು, ಟೀಚರಿಗೆ 43 ಪ್ರಶ್ನೆಯದ್ದು. ಹಿಂದೆ ಒಮ್ಮೆ ಟೀಚರ ಫಾರ್ಮ್ ಕೊಟ್ಟಿದ್ದರು, ಅದು ಮಗನ ಚೀಲದಲ್ಲೇ ಪುಡಿಯಾಗಿತ್ತು. ಈ ಸಲ ಅರ್ಧ ದಿನ ರಜೆ ಹಾಕಿ ನಾನೇ ಕೊಂಡು ಹೋಗಿ ಎದುರು ಕೂತು ತುಂಬಿಸಿದೆ. ಕಣ್ಣು, ಕಿವಿ, ಥೈರಾಯ್ಡ್, ರಕ್ತದಲ್ಲಿ ಕಬ್ಬಿಣ, ಗೊರಕೆ ಹೊಡೆಯುತ್ತಾನಾ, ಇದೆಲ್ಲ ಕೂಡ ನೋಡಿದರು. ನಮ್ಮಲ್ಲಿ ಅದರಲ್ಲಿ ಏನೂ ಸಿಗಲಿಲ್ಲ. ಕೆಲವು ಮಕ್ಕಳಲ್ಲಿ ಅಲ್ಲೇ ಸಿಗುತ್ತದಂತೆ.

ಪುಸ್ತಕ 20 ರೂಪಾಯಿಯದ್ದು. ಹತ್ತು ದಿನಕ್ಕೇ ಅದರಲ್ಲಿ ಎಲ್ಲ ಕಾಣಲಿಕ್ಕೆ ಶುರುವಾಯಿತು. ಮಾತ್ರೆ ಏಳೂವರೆಗೆ. ಆ ನಮೂನೆಯ ಮಾತ್ರೆ ಇರುವುದೇ ಮೂರು ನಾಲ್ಕು ಗಂಟೆ. ಹನ್ನೊಂದೂವರೆಗೆ ಅದರ ಡ್ಯೂಟಿ ಮುಗಿಯಿತು. ನಾನು ಸಂಜೆ ಆರೂವರೆಗೆ ಚಾಪೆ ಹಾಸಿ ಕೂತು ಮದ್ದು ನಾಟ್ತಾ ಇಲ್ಲ ಅಂತ ಗೋಳಾಡುತ್ತಿದ್ದೆ! ಬೆಳಿಗ್ಗೆ ತಿಂದ ದೋಸೆಗೆ ರಾತ್ರಿ ಹೊಟ್ಟೆ ಯಾಕೆ ತುಂಬಿಲ್ಲ ಅಂತ ಕೇಳಿದ ಹಾಗೆ. ಡೋಸ್ ಜಾಸ್ತಿ ಮಾಡಿದರೆ ಸಂಜೆವರೆಗೆ ಬರುತ್ತದೆ ಅಂತ ನನ್ನ ಲೆಕ್ಕ, ಅದು ಹಾಗೆ ಉದ್ದ ಆಗುವುದಿಲ್ಲ, ಇದ್ದಷ್ಟು ಹೊತ್ತು ಹಸಿವನ್ನು ಇನ್ನಷ್ಟು ಕೊಲ್ಲುತ್ತದೆ.

ಆಮೇಲೆ ಡಾಕ್ಟರು ಎಡಿಎಚ್‌ಡಿ ಚಿಕಿತ್ಸೆ ಮೇಲೆ ಅಮೆರಿಕದಲ್ಲಿ ಮಾಡಿದ ಎಂಟಿಎ ಅನ್ನುವ ಅಧ್ಯಯನದ ಬಗ್ಗೆ ಹೇಳಿದರು, 1999ರದ್ದು, 579 ಮಕ್ಕಳು, 14 ತಿಂಗಳು. ಊರಿನ ಮಾಮೂಲಿ ಡಾಕ್ಟರ ಹತ್ತಿರ ಹೋದ ಮಕ್ಕಳಲ್ಲೂ ಮೂರರಲ್ಲಿ ಎರಡು ಪಾಲು ಇದೇ ಜಾತಿಯ ಮದ್ದು ತಗೊಂಡಿದ್ದರು. ಆದ್ರೂ ಅಧ್ಯಯನದವರು ಪ್ರತಿ ತಿಂಗಳು ಕರೆದು, ಟೀಚರನ್ನು ಕೇಳಿ, ದಿನಕ್ಕೆ ಮೂರು ಹೊತ್ತು ಲೆಕ್ಕ ಹಾಕಿ ಕೊಟ್ಟ ಮಕ್ಕಳಲ್ಲಿ ಗುಣ ಜಾಸ್ತಿ ಕಂಡಿತು. ಮದ್ದು ಹೆಚ್ಚುಕಡಿಮೆ ಅದೇ. ಕೇಳಿ ನನಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ನಾವು ಮೂರು ತಿಂಗಳಿಗೊಮ್ಮೆ ಹೋಗಿ ಐದು ನಿಮಿಷದಲ್ಲಿ ಚೀಟಿ ತಗೊಂಡು ಬರುತ್ತಿದ್ದವರು.

ದಿನಕ್ಕೊಂದೇ ಕೊಡುವ, ನಿಧಾನ ಬಿಡುವ ಮಾತ್ರೆಗೆ ಬದಲಾಯಿತು. ಯಾವುದು, ಎಷ್ಟು ಅಂತ ನಾನು ಬರೆಯುವುದಿಲ್ಲ, ನಿಮ್ಮ ಮಗುವಿನ ತೂಕ ನನಗೆ ಗೊತ್ತಿಲ್ಲ. ಮೊದಲು ಹೊಟ್ಟೆ ತುಂಬ ತಿಂಡಿ, ಆಮೇಲೆ ಮಾತ್ರೆ. ನೀರುದೋಸೆ ಐದು, ತೆಂಗಿನಕಾಯಿ ಬೆಲ್ಲ. ಮಧ್ಯಾಹ್ನ ಡಬ್ಬಿ ಅರ್ಧ ಬಂದರೆ ಬರಲಿ, ರಾತ್ರಿ ಒಂಬತ್ತೂವರೆಗೆ ಅವನಿಗೆ ಹಸಿವು ಹೊಡೆಯುತ್ತದೆ, ಆಗ ಗಂಜಿ, ತುಪ್ಪ, ಮೊಟ್ಟೆ. ತೂಕ ನಿಧಾನ ವಾಪಸ್ ಬಂತು. ಸಂಜೆ ಐದರ ಹೊತ್ತಿಗೆ ಮದ್ದು ಇಳಿಯುವಾಗ ಅರ್ಧ ಗಂಟೆ ಮುಟ್ಟಿದರೆ ಮುನಿ. ಆ ಅರ್ಧ ಗಂಟೆ ಯಾರೂ ಏನೂ ಕೇಳುವುದಿಲ್ಲ, ಅವನು ಸೈಕಲ್ ಹೊಡೆಯುತ್ತಾನೆ. ಹೋಮ್‌ವರ್ಕ್ ಶಾಲೆಯಿಂದ ಬಂದ ಕೂಡಲೇ, ನಾಲ್ಕೂಕಾಲಕ್ಕೆ, ಇಪ್ಪತ್ತೇ ನಿಮಿಷ, ಅತ್ತೆಯ ಕಣ್ಣೆದುರು.

ಆಗ ಇನ್ನೊಂದು ವಿಷಯ ಹೊರಗೆ ಬಂತು. ಹುಡುಗ ಈಗ ಕೂರುತ್ತಿದ್ದ. ಪೆನ್ಸಿಲ್ ಮುರಿಯುತ್ತಿರಲಿಲ್ಲ. ಆದ್ರೆ ಪುಟ ಮುಂದೆ ಹೋಗುತ್ತಿರಲಿಲ್ಲ. ಬೆರಳಿಟ್ಟು ಓದಿಸಿದೆ. ಕಪ್ಪೆ ಇದ್ದದ್ದು "ಕಪೆ", ಅಕ್ಕ "ಅಕ". ಒತ್ತಕ್ಷರ ಬಂದಲ್ಲೆಲ್ಲ ಬೆರಳು ನಿಲ್ಲುತ್ತದೆ, ಅವನು ನನ್ನ ಮುಖ ನೋಡುತ್ತಾನೆ. ಬಾಯಿಪಾಠ ಮಾಡಿ ತಪ್ಪಿಸಿಕೊಂಡು ಬಂದಿದ್ದ ಇಷ್ಟು ದಿನ. ಸೈಕಾಲಜಿಸ್ಟ್ ಎರಡು ದಿನ ಕೂರಿಸಿ ಪರೀಕ್ಷೆ ಮಾಡಿ ಕಲಿಕೆಯ ತೊಂದರೆ ಕೂಡ ಉಂಟು ಅಂದರು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದು ಜೊತೆಗಿರುವುದು ಅಪರೂಪ ಅಲ್ಲವಂತೆ. ಮಾತ್ರೆ ಅವನನ್ನು ಚಾಪೆಯಲ್ಲಿ ಕೂರಿಸಬಹುದು, ಒತ್ತಕ್ಷರ ಕಲಿಸಲಿಕ್ಕೆ ಅದಕ್ಕೆ ಬರುವುದಿಲ್ಲ. ಈಗ ವಾರಕ್ಕೆ ಎರಡು ದಿನ ಓದು ಕಲಿಸುವ ಸ್ಪೆಷಲ್ ಟೀಚರ ಹತ್ತಿರ ಹೋಗುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 21 ವಿಧದ ಪಟ್ಟಿಯಲ್ಲಿ ಕಲಿಕೆಯ ತೊಂದರೆಗೆ ಹೆಸರು ಉಂಟು, ಎಡಿಎಚ್‌ಡಿಗೆ ಬೇರೆ ಹೆಸರಿಲ್ಲ. ಹಾಗಾಗಿ ಕಲಿಕೆಯ ತೊಂದರೆ ಉಂಟು ಅನ್ನುವ ಈ ಎರಡನೇ ಕಾಗದವೇ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೇಳಲಿಕ್ಕೆ ನಮಗೆ ದಾರಿ ಮಾಡಿತು.

ಮನೆಯಲ್ಲಿ ನಡೆದುಕೊಳ್ಳುವ ಕ್ರಮದ ಬಗ್ಗೆ ನಮಗೂ ತರಬೇತಿ ಕೊಟ್ಟರು, ಆರು ಸಲ. ಮೊದಲು ಗೋಡೆಗೆ ನಕ್ಷತ್ರದ ಚಾರ್ಟ್ ಅಂಟಿಸಿದೆ, ತಿಂಗಳ ಕೊನೆಗೆ ಬ್ಯಾಟ್ ಅಂತ. ಹತ್ತು ದಿನ ನಡೆಯಿತು. ಇಂಥ ಮಕ್ಕಳಿಗೆ ತಿಂಗಳ ಕೊನೆ ಅಂದ್ರೆ ಇನ್ನೊಂದು ಜನ್ಮ. ಉಪಾಯ ಹುಡುಕಿದ್ದು ಅತ್ತೆ. ಚೆನ್ನೆಮಣೆಯ ಕೆಂಪು ಕಾಯಿ ಒಂದು ಬಟ್ಟಲಲ್ಲಿ ಇಟ್ಟುಕೊಂಡರು. ಒಂದೇ ಸಲ ಕರೆದಾಗ ಬಂದರೆ ಒಂದು ಕಾಯಿ, ಚೀಲ ಜಾಗದಲ್ಲಿಟ್ಟರೆ ಒಂದು. ಏಳಾದರೆ ಮಣೆಯ ಒಂದು ಬದಿಯ ಗುಳಿಗೆಲ್ಲ ಒಂದೊಂದು ಬಂತು, ಅದೇ ಸಂಜೆ ಕಲ್ಯಾಣಪುರದ ಹೊಳೆ ಬದಿಗೆ ಹೋಗುವುದು. ಕೊಟ್ಟ ಕಾಯಿ ವಾಪಸ್ ಕಿತ್ತುಕೊಳ್ಳುವ ಹಾಗಿಲ್ಲ ಅಂತ ತರಬೇತಿಯಲ್ಲಿ ಹೇಳಿದ್ದರು, ನಾನು ಸಿಟ್ಟಲ್ಲಿ ಎರಡು ಸಲ ಕಿತ್ತುಕೊಂಡೆ, ಅತ್ತೆ ನನಗೆ ಬೈದರು. ಮಾತ್ರೆಯ ಸ್ಟ್ರಿಪ್ಪಿನ ಲೆಕ್ಕವೂ ಈಗ ಅವರದ್ದೇ, ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಡುತ್ತಾರೆ. ತಿಮರೆ ಚಟ್ನಿಯೂ ನಡೆಯುತ್ತಿದೆ.

ಗಂಡನ ಮಾತು ಒಂದು ಉಳಿಯಿತು. "ಹುಡುಗರು ಅಂದ್ರೆ ಹಾಗೇ, ನಾನೂ ಹಾಗೇ ಇದ್ದೆ" ಅಂತ ಅವರು ಪ್ರತಿ ಸಲ ಹೇಳುತ್ತಿದ್ದರು. ಡಾಕ್ಟರಿಗೆ ಇದನ್ನು ದೂರು ಅಂತ ಹೇಳಿದೆ. ಇದು ವಂಶದಲ್ಲಿ ಬರುವುದು ಬಹಳ, ಅವರು ಹೇಳುವುದು ನಿಜವೇ ಇರಬಹುದು ಅಂದರು. ಎರಡು ಸಲ ಪಾಸ್‌ಪೋರ್ಟ್ ಕಳಕೊಂಡ ಮನುಷ್ಯ. ನನಗೆ ಮೊದಲೇ ಹೊಳೆಯಬೇಕಿತ್ತು.

ಎಲ್ಲ ಸರಿಯಾಯಿತು ಅಂತ ಇಲ್ಲ. ನಿದ್ದೆ ಈಗಲೂ ಹನ್ನೊಂದರ ನಂತರವೇ. ಡಿಸಿ ಮಳೆ ರಜೆ ಕೊಟ್ಟ ದಿನ ಮನೆ ತಲೆಕೆಳಗೆ, ಹೊತ್ತುಗೊತ್ತು ಎಲ್ಲ ತಪ್ಪುತ್ತದೆ. ಜೂನ್‌ನಿಂದ ಇವತ್ತಿನವರೆಗೆ ಮೂರು ಕೊಡೆ ಕಳೆದಿದ್ದಾನೆ, ಮೂರನೆಯದ್ದಕ್ಕೆ ಕೆಂಪು ಪೈಂಟಲ್ಲಿ ಹೆಸರು ಬರೆದಿದ್ದೆ. ಬರುವ ಗುರುವಾರ ತೂಕ, ಎತ್ತರ, ಬಿಪಿ ನೋಡಲಿಕ್ಕೆ ಮಣಿಪಾಲಕ್ಕೆ ಹೋಗಲಿಕ್ಕುಂಟು. ಪುಸ್ತಕ ನಾಲ್ಕನೆಯದ್ದು ಶುರುವಾಗಿದೆ, ಅದರಲ್ಲಿ ನಿದ್ದೆಯ ಪುಟ ಮಡಚಿ ಇಟ್ಟಿದ್ದೇನೆ.