ಗುಜರಿಯಿಂದ ಮನೆಗೆ: ಹಳೆಯ ಫ್ಯಾನು, ಮಿಕ್ಸಿ, ಕುರ್ಚಿಗಳನ್ನು ಸರಿಪಡಿಸಿದ ನನ್ನ ಅನುಭವ

ಮನೆಗಳಿಂದ ಹೊರಬೀಳುವ ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಮರದ ಕುರ್ಚಿಗಳನ್ನು ತಂದು ಸರಿಪಡಿಸಿ, ಕೆಲವನ್ನು ಮಾರುವ, ಕೆಲವನ್ನು ಬೇಕಾದವರಿಗೆ ಕೊಡುವ ಕೆಲಸವನ್ನು ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಹೊಟ್ಟೆಪಾಡಿನ ನೌಕರಿ ಬೇರೆ ಇದೆ. ಇದು ರಜಾದಿನಗಳ ಕೆಲಸ. ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಯಾವ ಉಪಕರಣ ಕೊಳ್ಳಬೇಕು, ಬೆಸುಗೆ ಹೇಗೆ ಹಾಕಬೇಕು ಎಂದು. ಆದರೆ ಈ ಕೆಲಸದಲ್ಲಿ ಅರ್ಧಭಾಗ ವಸ್ತುವನ್ನು ಮನೆಗೆ ತರುವ ಮೊದಲೇ, ಗುಜರಿ ಅಂಗಡಿಯ ಮುಂದೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಮೂಸಿ, ತೂಗಿ ನೋಡುವ ಹೊತ್ತಿನಲ್ಲೇ ಮುಗಿದಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವುದನ್ನು ಬಿಡಬೇಕೆಂದು ತಿಳಿದವನ ಮನೆಯಲ್ಲಿ ಕೆಟ್ಟ ಸಾಮಾನಿನ ರಾಶಿ ಬೆಳೆಯುವುದಿಲ್ಲ.

ವಸ್ತುಗಳು ಹೆಚ್ಚಾಗಿ ಹೊರಬೀಳುವುದಕ್ಕೂ ಒಂದು ಕಾಲವಿದೆ. ಆಯುಧಪೂಜೆಗೆ ಮನೆ ಗುಡಿಸುವಾಗ ಅಟ್ಟದ ಸಾಮಾನು ಕೆಳಗಿಳಿಯುತ್ತದೆ, ದೀಪಾವಳಿಯ ರಿಯಾಯಿತಿಯಲ್ಲಿ ಹೊಸ ಮಿಕ್ಸಿ ಬಂದಾಗ ಹಳೆಯದು ಹೊರಗೆ ಹೋಗುತ್ತದೆ, ತಿಂಗಳ ಕೊನೆಯಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರು ಲಾರಿಯಲ್ಲಿ ಜಾಗ ಸಾಲದ್ದನ್ನು ಬಿಟ್ಟು ಹೋಗುತ್ತಾರೆ. ಪರಿಚಯದ ಮನೆಗಳವರು ತಾವಾಗಿಯೇ ಕರೆದು ಕೊಡುವುದು ಒಂದು ದಾರಿ, ಗುಜರಿ ಅಂಗಡಿಯಲ್ಲಿ ಕೊಳ್ಳುವುದು ಇನ್ನೊಂದು. ಕಸದ ತೊಟ್ಟಿಯ ಪಕ್ಕದಲ್ಲಿ ಇಟ್ಟಿರುವುದನ್ನು ಮಾತ್ರ ನಾನು ಎತ್ತಿಕೊಳ್ಳುವುದಿಲ್ಲ. ಚಿಂದಿ ಆಯುವವರಿಗೆ ಒಂದು ಕೆಟ್ಟ ಫ್ಯಾನೆಂದರೆ ಅದರೊಳಗಿನ ತಾಮ್ರ. ಕಬ್ಬಿಣ, ಪ್ಲಾಸ್ಟಿಕ್ಕುಗಳಿಗಿಂತ ಎಷ್ಟೋ ಹೆಚ್ಚಿನ ಬೆಲೆ ಅದಕ್ಕಿದೆ. ಸಂಬಳ ಬರುವ ನನ್ನಂಥವನು ಹವ್ಯಾಸದ ಹೆಸರಿನಲ್ಲಿ ಅದನ್ನು ಹೊತ್ತೊಯ್ದರೆ ಅದು ಇನ್ನೊಬ್ಬರ ಆ ದಿನದ ಕೂಲಿಯನ್ನು ಕಿತ್ತುಕೊಂಡಂತೆಯೇ ಸರಿ. ಹಾಗಾಗಿ ಅದು ಅವರ ಕೈಯಿಂದ ಅಂಗಡಿಗೆ ಬಂದ ಮೇಲೆ, ತೂಕದ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟು ಕೊಳ್ಳುತ್ತೇನೆ. ನಾನು ಹೋಗುವ ಅಂಗಡಿಯವರು ಈಗ ನನಗಾಗಿ ಕೆಲವನ್ನು ಒಡೆಯದೆ ಎತ್ತಿಡುತ್ತಾರೆ. "ಸಾರ್, ಇದರ ಶಾಫ್ಟು ಆಡುತ್ತೆ, ನೋಡ್ಕೊಳ್ಳಿ" ಎಂದು ಅವರೇ ದೋಷವನ್ನು ಮೊದಲು ಹೇಳುವಷ್ಟು ವಿಶ್ವಾಸ ಬೆಳೆದಿದೆ.

ಮೊದಲು ಫ್ಯಾನಿನ ವಿಷಯ, ಏಕೆಂದರೆ ಹೊಸಬರು ಅದರಿಂದಲೇ ಆರಂಭಿಸುವುದು ಒಳ್ಳೆಯದು. ಸೀಲಿಂಗ್ ಫ್ಯಾನು ಬಹಳ ನಿಧಾನವಾಗಿ ತಿರುಗುತ್ತದೆ, ಅಥವಾ ಕೋಲಿನಿಂದ ತಳ್ಳಿದರೆ ಮಾತ್ರ ಹೊರಡುತ್ತದೆ ಎಂಬ ಕಾರಣಕ್ಕೆ ಜನ ಅದನ್ನು ಬದಲಿಸಿಬಿಡುತ್ತಾರೆ. ಅದಕ್ಕೆ ಹೆಚ್ಚಿನ ಸಲ ಕಾರಣ, ಮೇಲಿನ ಬಟ್ಟಲಿನೊಳಗೆ ಅಡಗಿರುವ, ವಿದ್ಯುತ್ತನ್ನು ಹಿಡಿದಿಟ್ಟು ಮೋಟಾರಿಗೆ ತಿರುಗುವ ಬಲ ಕೊಡುವ ಕೆಪಾಸಿಟರ್ ಒಂದೇ. ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್ ಇರಬೇಕಾದ ಅದರ ಸಾಮರ್ಥ್ಯ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಕುಗ್ಗಿದಷ್ಟೂ ಫ್ಯಾನಿನ ವೇಗ ಇಳಿಯುತ್ತದೆ. ನೂರು ರೂಪಾಯಿಯೊಳಗೆ ಸಿಗುವ ಈ ಬಿಡಿಭಾಗಕ್ಕಾಗಿ ಇಡೀ ಫ್ಯಾನು ಗುಜರಿಗೆ ಬಂದಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೆ ಅಂಗಡಿಯಲ್ಲಿ ನಾನು ಕೆಪಾಸಿಟರ್ ನೋಡುವುದಿಲ್ಲ. ಅದನ್ನು ಹೇಗೂ ಹೊಸದಾಗಿಯೇ ಹಾಕುತ್ತೇನೆ. ನೋಡುವುದು ಬೇರಿಂಗನ್ನೂ, ಮೋಟಾರಿನೊಳಗಿನ ತಂತಿಯ ಸುರುಳಿಗಳಾದ ವೈಂಡಿಂಗನ್ನೂ. ಫ್ಯಾನಿನ ದಂಡವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹೊರ ಕವಚವನ್ನು ತಿರುಗಿಸಿದರೆ, ಬೇರಿಂಗು ಕೆಟ್ಟಿದ್ದಲ್ಲಿ ಅಂಗೈಗೆ ಮರಳು ಹೊರಳಿದಂತೆ ತಿಳಿಯುತ್ತದೆ. ಇದು ದೊಡ್ಡ ದೋಷವಲ್ಲ. ನಮ್ಮಲ್ಲಿನ ಬಹುಪಾಲು ಸೀಲಿಂಗ್ ಫ್ಯಾನುಗಳಿಗೆ 6201 ಅಥವಾ 6202 ಎಂಬ ಸಂಖ್ಯೆಯ ಬೇರಿಂಗುಗಳೇ ಹೊಂದುತ್ತವೆ, ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಸುತ್ತಮುತ್ತ ಅವು ಸುಲಭವಾಗಿ ಸಿಗುತ್ತವೆ. ವೈಂಡಿಂಗು ಸುಟ್ಟಿದ್ದರೆ ಮಾತ್ರ ನಾನು ಬಿಟ್ಟುಬಿಡುತ್ತೇನೆ. ಹೊರಬರುವ ಮೂರು ತಂತಿಗಳಲ್ಲಿ ಎರಡೆರಡರ ನಡುವಿನ ರೋಧವನ್ನು ಮಲ್ಟಿಮೀಟರ್ ಎಂಬ ಅಳೆಯುವ ಸಲಕರಣೆಯಿಂದ ನೋಡಿದಾಗ ಮೂರು ಅಳತೆಗಳು ಸಿಗುತ್ತವೆ. ಅವುಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸರಿಸುಮಾರು ಸಮನಾಗಿದ್ದರೆ ಎರಡೂ ಸುರುಳಿಗಳು ತುಂಡಾಗಿಲ್ಲ ಎಂದರ್ಥ. ಬಳಿಕ ಯಾವುದೇ ತಂತಿಗೂ ಲೋಹದ ಕವಚಕ್ಕೂ ಸಂಪರ್ಕ ತೋರಿಸಬಾರದು. ಈ ಎರಡು ಪರೀಕ್ಷೆಗಳಿಗೆ ಎರಡು ನಿಮಿಷ ಸಾಕು. ರೆಕ್ಕೆಗಳನ್ನು ಒಂದೇ ಫ್ಯಾನಿನ ಜೊತೆಯಾಗಿಯೇ ತರಬೇಕು. ಬೇರೆ ಬೇರೆ ಫ್ಯಾನುಗಳ ರೆಕ್ಕೆಗಳನ್ನು ಸೇರಿಸಿದರೆ ತೂಕದ ವ್ಯತ್ಯಾಸದಿಂದ ಫ್ಯಾನು ಓಲಾಡುತ್ತದೆ.

ಫ್ಯಾನು ಕೊಳ್ಳುವವರಿಗೆ ನಾನು ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತನ್ನು ತಿನ್ನುತ್ತದೆ, ಬ್ರಷ್ಷಿಲ್ಲದ ಡಿ.ಸಿ. ಮೋಟಾರಿನ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆ ಓಡುವ ಕಡೆ ಈ ವ್ಯತ್ಯಾಸ ತಿಂಗಳಿಗೆ 13 ಯೂನಿಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಮಲಗುವ ಕೋಣೆಗೆ ಹೊಸದನ್ನೇ ಹಾಕಿಸಿಕೊಳ್ಳಿ, ಅಪರೂಪಕ್ಕೆ ಬಳಸುವ ಕೋಣೆಗೋ ಕಾರ್ಖಾನೆಯ ಊಟದ ಕೋಣೆಗೋ ಇದನ್ನು ಒಯ್ಯಿರಿ ಎನ್ನುತ್ತೇನೆ. ದುರಸ್ತಿಯ ಮೇಲೆ ನನಗಿರುವ ಪ್ರೀತಿಯ ಖರ್ಚನ್ನು ಕೊಳ್ಳುವವರ ಕರೆಂಟ್ ಬಿಲ್ಲು ಹೊರಬಾರದು.

ಮಿಕ್ಸಿಯಲ್ಲಿ ನನ್ನ ಮೊದಲ ಸಲಕರಣೆ ಮೂಗು. ತಳದ ಗಾಳಿಕಿಂಡಿಗಳ ಹತ್ತಿರ ಮೂಸಿದಾಗ ಸುಟ್ಟ ವಾರ್ನಿಷಿನ ಕಟುವಾಸನೆ ಬಂದರೆ ಮೋಟಾರಿನ ತಿರುಗುವ ಸುರುಳಿಯಾದ ಆರ್ಮೇಚರ್ ಹೋಗಿದೆಯೆಂದು ತಿಳಿದು ಕೆಳಗಿಡುತ್ತೇನೆ. ಅದನ್ನು ಬದಲಿಸುವ ಖರ್ಚಿನಲ್ಲಿ ಲಾಭವೂ ಇಲ್ಲ, ನೆಮ್ಮದಿಯೂ ಇಲ್ಲ. ವಾಸನೆ ಇಲ್ಲದಿದ್ದರೆ ಉಳಿದ ದೋಷಗಳು ಬಹುತೇಕ ಸಣ್ಣವು. ಅತ್ಯಂತ ಸಣ್ಣದೆಂದರೆ ತಳದಲ್ಲಿರುವ ಕೆಂಪು ಗುಂಡಿ. ದೋಸೆ ಹಿಟ್ಟನ್ನು ತುಂಬಿ ರುಬ್ಬುವಾಗ ಮೋಟಾರಿನ ಮೇಲೆ ಭಾರ ಬಿದ್ದರೆ ಸುರಕ್ಷತೆಗಾಗಿ ಅದು ಹೊರಗೆ ಜಿಗಿದು ವಿದ್ಯುತ್ತನ್ನು ಕಡಿಯುತ್ತದೆ. ಸ್ವಲ್ಪ ತಣಿಯಲು ಬಿಟ್ಟು ಒಳಕ್ಕೆ ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ. ಇದು ತಿಳಿಯದೆ ಎಸೆದ, ಬೇರೆ ಯಾವ ದೋಷವೂ ಇಲ್ಲದ ಮಿಕ್ಸಿಗಳು ನನಗೆ ಸಿಕ್ಕಿವೆ.

ಮೋಟಾರು ಓಡುತ್ತದೆ, ಜಾರಿನ ಬ್ಲೇಡು ತಿರುಗುವುದಿಲ್ಲ ಎಂದರೆ ಮೋಟಾರನ್ನೂ ಜಾರನ್ನೂ ಕೂಡಿಸುವ ಕಪ್ಲರಿನ ಹಲ್ಲು ಸವೆದಿದೆ. ಅದನ್ನು ಬಿಚ್ಚುವಾಗ ಹಲವರು ಉಲ್ಟಾ ದಿಕ್ಕಿಗೆ ಬಲ ಹಾಕಿ ಶಾಫ್ಟನ್ನೇ ಹಾಳುಮಾಡುತ್ತಾರೆ. ಮೋಟಾರು ತಿರುಗುವಾಗ ಕಪ್ಲರು ತಾನಾಗಿಯೇ ಬಿಗಿಯಾಗುವಂತೆ ಅದರೊಳಗಿನ ಸ್ಕ್ರೂ ಗೆರೆಗಳನ್ನು ಕೊರೆದಿರುತ್ತಾರೆ, ಆದ್ದರಿಂದ ಮೋಟಾರು ತಿರುಗುವ ದಿಕ್ಕಿಗೇ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಕೆಳಗಿನಿಂದ ಶಾಫ್ಟಿನ ಇನ್ನೊಂದು ತುದಿ ಅಲ್ಲಾಡದಂತೆ ಹಿಡಿದಿರಬೇಕು. ಒಳಗೆ ಕಿಡಿ ಹಾರುತ್ತಿದ್ದರೆ, ಅಥವಾ ಮೋಟಾರು ಬಿಟ್ಟು ಬಿಟ್ಟು ಓಡುತ್ತಿದ್ದರೆ, ತಿರುಗುವ ಭಾಗಕ್ಕೆ ಒತ್ತಿಕೊಂಡು ವಿದ್ಯುತ್ತು ತಲುಪಿಸುವ ಇಂಗಾಲದ ತುಂಡುಗಳಾದ ಕಾರ್ಬನ್ ಬ್ರಷ್ಷುಗಳನ್ನು ನೋಡುತ್ತೇನೆ. ಒಂದು ಸವೆದಿದ್ದರೂ ಎರಡನ್ನೂ ಜೊತೆಯಾಗಿ ಬದಲಿಸುವುದು ನನ್ನ ಪದ್ಧತಿ. ಬ್ರಷ್ಷು ಉಜ್ಜುವ ತಾಮ್ರದ ಪಟ್ಟಿಗಳು ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ, ಪಟ್ಟಿಗಳ ನಡುವಿನ ಸಂದುಗಳಲ್ಲಿ ಸೇರಿಕೊಂಡ ಇಂಗಾಲದ ಪುಡಿಯನ್ನು ಮರದ ಕಡ್ಡಿಯ ಮೊನೆಯಿಂದ ತೆಗೆಯುತ್ತೇನೆ. ಇನ್ನು ಮಿಕ್ಸಿ ಕೆಡುವ ನಿಜವಾದ ಮೂಲ ಅನೇಕ ಸಲ ಮೋಟಾರಿನಲ್ಲಿ ಇರುವುದೇ ಇಲ್ಲ, ಜಾರಿನಲ್ಲಿರುತ್ತದೆ. ಬ್ಲೇಡಿನ ಕೆಳಗೆ ಅದರ ದಂಡವನ್ನು ಹಿಡಿದಿರುವ ಬುಷ್ ಎಂಬ ಬಳೆ ಸವೆದು ಚಟ್ನಿಯ ನೀರು ತೊಟ್ಟಿಕ್ಕಿ ಕೆಳಗಿನ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಜಾರನ್ನು ಸರಿಪಡಿಸದೆ ಮೋಟಾರನ್ನು ಮಾತ್ರ ಸರಿಪಡಿಸಿ ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ.

ಸರಿಪಡಿಸಿದ ಯಾವುದನ್ನೂ ನಾನು ಮನೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವುದಿಲ್ಲ. ಹಳೆಯ ಕಾಲದ ಮೆಕ್ಯಾನಿಕ್ಕರೆಲ್ಲ ಬಳಸುತ್ತಿದ್ದ ಸೀರೀಸ್ ಬೋರ್ಡು ನನ್ನ ಮೇಜಿನ ಮೇಲೂ ಇದೆ: ಪರೀಕ್ಷಿಸುವ ವಸ್ತುವಿಗೆ ಹೋಗುವ ವಿದ್ಯುತ್ತು ಮೊದಲು 100 ವ್ಯಾಟಿನ ಬಲ್ಬಿನ ಮೂಲಕ ಹಾದುಹೋಗುವಂತೆ ತಂತಿ ಎಳೆದ ಹಲಗೆ. ವಸ್ತುವಿನೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ, ಅಷ್ಟೇ. ಫ್ಯೂಸು ಹಾರುವುದಿಲ್ಲ, ಹೊಗೆ ಏಳುವುದಿಲ್ಲ. ಬಲ್ಬು ಬೆಳಗದೇ ಇದ್ದರೆ ಎಲ್ಲೋ ತಂತಿ ತುಂಡಾಗಿದೆ. ಇದಕ್ಕೆ ಬೇಕಾಗುವುದು ಒಳಗೆ ತಂತಿಯಿರುವ ಹಳೆಯ ಮಾದರಿಯ ಬಲ್ಬು, ಎಲ್.ಇ.ಡಿ. ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಅಂಥ ಬಲ್ಬುಗಳು ಅಂಗಡಿಗಳಲ್ಲಿ ವಿರಳವಾಗುತ್ತಿರುವುದರಿಂದ ಕಂಡಲ್ಲಿ ಕೊಂಡು ಇಟ್ಟುಕೊಂಡಿದ್ದೇನೆ. ಮೇಜಿಗೆ ಬರುವ ಸಂಪರ್ಕಕ್ಕೆ ವಿದ್ಯುತ್ತು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಿಕೊಂಡಿದ್ದೇನೆ. ಹೊಸಬರು ಬೆಸುಗೆಯ ಕಡ್ಡಿ ಕೊಳ್ಳುವ ಮೊದಲು ಈ ಎರಡನ್ನು ಮಾಡಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇಸ್ತ್ರಿ ಪೆಟ್ಟಿಗೆಯಲ್ಲಿ ತಂತಿ ಹಿಡಿಕೆಯ ಬಳಿ ಮಡಚಿ ಮಡಚಿ ಒಳಗೇ ತುಂಡಾಗಿರುವುದೇ ಹೆಚ್ಚು. ಅದಕ್ಕೆ ಮೂರು ಎಳೆಯ ತಂತಿಯನ್ನೇ ಹಾಕಿ, ಅರ್ಥ್ ಎಳೆಯನ್ನು ಲೋಹದ ತಳಕ್ಕೆ ಭದ್ರವಾಗಿ ಜೋಡಿಸಬೇಕು. ಇಂಡಕ್ಷನ್ ಒಲೆಗಳಲ್ಲಿ ಗಾಳಿಕಿಂಡಿಯಿಂದ ಒಳಸೇರಿದ ಜಿರಳೆಗಳು ಬೋರ್ಡಿನ ಮೇಲೆ ಶಾರ್ಟ್ ಮಾಡಿರುತ್ತವೆ. ಈ ಒಲೆಗಳ ಒಳಗೆ 300 ವೋಲ್ಟಿಗಿಂತ ಹೆಚ್ಚಿನ ನೇರ (ಡಿ.ಸಿ.) ವಿದ್ಯುತ್ತು ಇರುವುದರಿಂದ, ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರನ್ನು ಖಾಲಿಮಾಡಿಯೇ ಕೈಹಾಕಬೇಕು. ಮೈಕ್ರೊವೇವ್ ಓವನ್ನಿನ ಕವಚವನ್ನು ನಾನು ಬಿಚ್ಚುವುದೇ ಇಲ್ಲ. ಅದರ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರಬಹುದು. ತಳ ಉಬ್ಬಿದ ಕುಕ್ಕರು, ಗ್ಯಾಸ್ ಒಲೆ, ರೆಗ್ಯುಲೇಟರು, ಊದಿಕೊಂಡ ಲಿಥಿಯಂ ಬ್ಯಾಟರಿ, ಇವು ಯಾವುವನ್ನೂ ಬಿಟ್ಟಿ ಕೊಟ್ಟರೂ ಒಲ್ಲೆ.

ಮರದ ಸಾಮಾನು ಬೇರೆಯೇ ಲೋಕ, ಮತ್ತು ನನಗೆ ಹೆಚ್ಚು ಪ್ರಿಯವಾದದ್ದು. ಪುಡಿ ಒತ್ತಿ ಮಾಡಿದ ಹಲಗೆಯ ಮೇಜು ಒಮ್ಮೆ ನೀರು ಕುಡಿದು ಉಬ್ಬಿದರೆ ಮುಗಿಯಿತು, ಅದನ್ನು ಹಿಂದಕ್ಕೆ ತರುವ ವಿದ್ಯೆ ಇಲ್ಲ. ಆದರೆ ತೇಗದ ಕುರ್ಚಿಯೊಂದು ಎಷ್ಟೇ ಕೊಳಕಾಗಿದ್ದರೂ, ಅದರ ಮೇಲೆ ಯಾರೋ ಹಸಿರು ಎನಾಮಲ್ ಬಳಿದಿದ್ದರೂ, ಒಳಗಿನ ಮರ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕುರ್ಚಿಯನ್ನು ತಲೆಕೆಳಗು ಮಾಡಿ, ಬಣ್ಣ ತಾಗದ ಕೆಳಮೈಯನ್ನು ಉಗುರಿನಿಂದ ಕೆರೆದು ನೋಡಬೇಕು. ಗೆದ್ದಲಿನ ಮಣ್ಣು, ಹುಳುವಿನ ರಂಧ್ರ, ಸಂದುಗಳಲ್ಲಿ ತಿಗಣೆ ಇವೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಅಲುಗಾಡುವ ಕುರ್ಚಿಗೆ ನಮ್ಮ ಮನೆಗಳಲ್ಲಿ ಮಾಡುವ ಚಿಕಿತ್ಸೆಯೆಂದರೆ ಮೊಳೆ ಹೊಡೆಯುವುದು. ಮರಕ್ಕೆ ಇದಕ್ಕಿಂತ ದೊಡ್ಡ ಕೇಡಿಲ್ಲ. ಮೊಳೆ ಕೆಲವು ತಿಂಗಳು ಹಿಡಿದಿಟ್ಟು, ಆಮೇಲೆ ಕೂಡುವಿಕೆಯಲ್ಲಿ ಒಂದು ಮರದ ತೂತಿನೊಳಗೆ ಕೂರುವ ಇನ್ನೊಂದು ಮರದ ನಾಲಿಗೆಯನ್ನೇ ಸೀಳುತ್ತದೆ. ಸರಿಯಾದ ದಾರಿ ದೀರ್ಘವಾದದ್ದು: ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕೂಡುವಿಕೆಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಬಿಡಿಸಿ, ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು. ಹೊಸ ಅಂಟು ಮರದ ಎಳೆಗಳೊಳಗೆ ಇಳಿದಾಗ ಮಾತ್ರ ಹಿಡಿಯುತ್ತದೆ, ಒಣಗಿದ ಹಳೆಯ ಅಂಟಿನ ಮೇಲೆ ಅದು ನಿಲ್ಲುವುದಿಲ್ಲ. ಆದ್ದರಿಂದ ಅಂಟು ಹಾಕುವುದಕ್ಕೆ ಐದು ನಿಮಿಷ ಹಿಡಿದರೆ ಕೆರೆಯುವುದಕ್ಕೆ ಒಂದು ಮಧ್ಯಾಹ್ನವೇ ಬೇಕು. ದೊಡ್ಡ ಕ್ಲ್ಯಾಂಪುಗಳು ದುಬಾರಿ. ನಾನು ಕಾಲುಗಳ ಸುತ್ತ ಹತ್ತಿಯ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿಗೊಳಿಸಿ ಒಂದು ದಿನ ಬಿಡುತ್ತೇನೆ. ಕೂರುವ ಬೆತ್ತದ ಜಾಲ ಹರಿದಿದ್ದರೆ ಅದನ್ನು ಹೆಣೆಯುವವರಿಗೇ ಕೊಡುತ್ತೇನೆ. ನಾನೂ ಕಲಿಯಬಹುದಿತ್ತು, ಆದರೆ ಆ ಕೈಗಳಿಗೆ ಕೆಲಸ ಸಿಗುವುದು ನನಗೆ ಮುಖ್ಯ. ಹಿತ್ತಾಳೆ ಪಾತ್ರೆಗಳ ಕಲಾಯಿಯೂ ಹಾಗೆಯೇ: ಕಾಸಿದ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ತಾಗಿಸಿ, ಅದು ಕರಗಿದ ಕ್ಷಣದಲ್ಲೇ ಹತ್ತಿಯಿಂದ ಒಳಮೈಗೆಲ್ಲ ಸವರುವ ಆ ಕೈಚಳಕಕ್ಕೆ ಕೂಲಿ ಕೊಡುವುದೇ ಸರಿ.

ಹಣದ ಲೆಕ್ಕವನ್ನೂ ಹೇಳಬೇಕು. ಬಿಡಿಭಾಗ, ಬಸ್ಸಿನ ಖರ್ಚು, ಗುಜರಿಯವರಿಗೆ ಕೊಟ್ಟದ್ದು ಇವನ್ನೆಲ್ಲ ಕಳೆದರೆ ಫ್ಯಾನು, ಮಿಕ್ಸಿಗಳಲ್ಲಿ ಉಳಿಯುವುದು ಸ್ವಲ್ಪವೇ. ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ತೇಗದ ಕುರ್ಚಿ, ಹಿತ್ತಾಳೆ ಪಾತ್ರೆಗಳಲ್ಲಿ ಲಾಭ ಚೆನ್ನಾಗಿದೆ, ಆದರೆ ಅವುಗಳಿಗೆ ಕೊಳ್ಳುವವರು ಬರುವವರೆಗೆ ಜಾಗವೂ ತಾಳ್ಮೆಯೂ ಬೇಕು. ಒಟ್ಟಿನಲ್ಲಿ ಈ ಕೆಲಸ ಉಪಕರಣಗಳ ಖರ್ಚನ್ನು ತಾನೇ ಹೊತ್ತು ಒಂದಿಷ್ಟು ಮಿಗಿಸುತ್ತದೆ. ಸಂಸಾರ ಸಾಗಿಸುವ ಆದಾಯವನ್ನು ಇದರಿಂದ ನಿರೀಕ್ಷಿಸಬಾರದು. ಮಾರಿದ ಪ್ರತಿ ವಸ್ತುವಿಗೂ ಒಂದು ತಿಂಗಳ ಹೊಣೆ ಹೊರುತ್ತೇನೆ, ಯಾವ ಭಾಗ ಹೊಸದು, ಯಾವುದು ಹಳೆಯದು ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಸ್ವಂತ ಮನೆಯ ವಸ್ತುವನ್ನಷ್ಟೇ ಸರಿಪಡಿಸಿಕೊಳ್ಳಬೇಕೆನ್ನುವವರಿಗೆ ಗುಜರಿಯ ದಾರಿಗಿಂತ ರಿಪೇರಿ ಕೆಫೆಯ ದಾರಿ ಒಳ್ಳೆಯದು. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲಾದ ಈ ಪದ್ಧತಿ 2015ರಲ್ಲಿ ಬೆಂಗಳೂರಿಗೂ ಬಂತು. ಅಲ್ಲಿ ಸ್ವಯಂಸೇವಕರು ವಸ್ತುವನ್ನು ತೆಗೆದುಕೊಂಡು ಹೋಗಿ ಸರಿಪಡಿಸಿ ಕೊಡುವುದಿಲ್ಲ, ತಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಬಿಚ್ಚಿಸುತ್ತಾರೆ. ಒಮ್ಮೆ ತನ್ನ ಮಿಕ್ಸಿಯ ತಳ ಬಿಚ್ಚಿ ನೋಡಿದವರು ಮುಂದಿನ ಮಿಕ್ಸಿಯನ್ನು ಕೊಳ್ಳುವಾಗ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ.

ಎಷ್ಟು ಎಚ್ಚರದಿಂದ ಆರಿಸಿದರೂ ಕೆಲವು ಸರಿಯಾಗದೆ ಉಳಿಯುತ್ತವೆ. ಅವುಗಳಿಂದ ಸ್ಕ್ರೂ, ಸ್ವಿಚ್ಚು, ರಬ್ಬರ್ ಕಾಲು, ಜಾರಿನ ಮುಚ್ಚಳಗಳನ್ನು ತೆಗೆದು ಡಬ್ಬಿಗಳಲ್ಲಿ ವಿಂಗಡಿಸಿಟ್ಟು, ಲೋಹವನ್ನು ಅದೇ ಗುಜರಿ ಅಂಗಡಿಗೆ ಹಿಂದಿರುಗಿಸುತ್ತೇನೆ. ಸರ್ಕ್ಯೂಟ್ ಬೋರ್ಡು, ಬ್ಯಾಟರಿಗಳನ್ನು ಮಾತ್ರ ಅಧಿಕೃತ ಇ-ತ್ಯಾಜ್ಯ ಸಂಗ್ರಹಣೆಗೇ ಒಪ್ಪಿಸುತ್ತೇನೆ. ಬೋರ್ಡುಗಳ ಮಟ್ಟಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಬಯಸುವುದೂ ಅದನ್ನೇ, ಬೋರ್ಡುಗಳನ್ನು ಬಯಲಿನಲ್ಲಿ ಸುಟ್ಟು ಲೋಹ ತೆಗೆಯುವವರ ಎದೆಗೆ ಆ ಹೊಗೆ ಹೋಗಬಾರದೆಂಬುದು ನನ್ನ ಕಾಳಜಿಯೂ ಹೌದು. ಕವಚಕ್ಕೆ ವಿದ್ಯುತ್ತು ಹರಿಯುವ ದೋಷವಿರುವ ವಸ್ತುವಾದರೆ ಕೊಡುವ ಮೊದಲು ಅದರ ವೈರನ್ನು ಬುಡದಲ್ಲೇ ಕತ್ತರಿಸಿಬಿಡುತ್ತೇನೆ. ಚೆನ್ನಾಗಿ ಕಾಣುತ್ತದೆಂದು ಇನ್ನೊಬ್ಬರು ಅದನ್ನು ಕೊಂಡೊಯ್ದು ಪ್ಲಗ್ಗಿಗೆ ಚುಚ್ಚುವ ಸಂಭವ ಆಗ ಇರುವುದಿಲ್ಲ.