ಏಳರ ನಡೆ, ನಾಲ್ಕರ ನಡೆ: 1565ಕ್ಕೆ ಹೋಗಿಬರುವ ಸಂಗೀತ ನಾಟಕ ಕಟ್ಟಿದ ನನ್ನ ಅನುಭವ

ಬೇರೆ ಕಾಲದಿಂದ ಬಂದ ವೀರರು ತಾಳಿಕೋಟೆ ಯುದ್ಧದ ಇತಿಹಾಸವನ್ನು ಕಾಯುವ ಸಂಗೀತ ನಾಟಕವೊಂದನ್ನು ಮಾಡುತ್ತೇನೆಂದು ನಾನು ಹೇಳಿದಾಗ ವಿಜಯಪುರ, ಬಾಗಲಕೋಟೆ ಕಡೆಯ ರಂಗಮಿತ್ರರು ಎರಡು ಆಕ್ಷೇಪಗಳನ್ನು ಎತ್ತಿದರು. ದೊಡ್ಡ ಪರದೆಯೂ ಪ್ರೊಜೆಕ್ಟರೂ ಇಲ್ಲದೆ ಕಾಲ ಬದಲಾದದ್ದು ನೋಡುಗರಿಗೆ ತಿಳಿಯುವುದಿಲ್ಲ ಎಂಬುದು ಮೊದಲನೆಯದು. ವಿಜಯನಗರ ಸೋತದ್ದನ್ನು ಸೋತಂತೆಯೇ ಉಳಿಸಲು ಹೋರಾಡುವವರನ್ನು ನಮ್ಮ ಜನ ನಾಯಕರೆಂದು ಒಪ್ಪುವುದಿಲ್ಲ ಎಂಬುದು ಎರಡನೆಯದು. ಈಗ ಪ್ರಯೋಗಗಳು ಮೂವತ್ತರ ಹತ್ತಿರ ಬಂದಿವೆ, ಸಾಲ ತೀರಿದೆ, ಅಂದು ಬೇಡವೆಂದವರಲ್ಲಿ ಇಬ್ಬರು ತಮ್ಮ ಊರಿಗೆ ನಾಟಕವನ್ನು ಕರೆಸಿಕೊಂಡಿದ್ದಾರೆ. ಹಾಗಾಗಿ ನಾವು ಹಿಡಿದ ದಾರಿಯನ್ನು ಬರೆದಿಡುವುದು ಉಚಿತವೆಂದು ತೋರಿತು. ನಾಟಕ ಆಡಿಸಿ ಬಲ್ಲವರಿಗಾಗಿ ಬರೆಯುತ್ತಿರುವುದರಿಂದ ತಾಲೀಮು, ಹಿಮ್ಮೇಳ, ಬೆಳಕಿನ ಪ್ರಾಥಮಿಕ ವಿವರಗಳಿಗೆ ಕೈಹಾಕುವುದಿಲ್ಲ.

ಮೂಲ ಪ್ರೇರಣೆ ಜಪಾನಿನದು. ಅಲ್ಲಿ 2015ರಲ್ಲಿ ಬಂದ 'ತೋಕೆನ್ ರಾನ್‌ಬು' ಎಂಬ ಕಂಪ್ಯೂಟರ್ ಆಟವನ್ನು ಆಧರಿಸಿ ಅದೇ ವರ್ಷ ಸಂಗೀತ ನಾಟಕಗಳ ಸರಣಿಯೊಂದು ಶುರುವಾಯಿತು. ಹೆಸರುವಾಸಿಯಾದ ಹಳೆಯ ಖಡ್ಗಗಳು ಮನುಷ್ಯರೂಪ ತಾಳಿ, ಇತಿಹಾಸವನ್ನು ತಿದ್ದಲು ಹೊರಟ ಪಡೆಯನ್ನು ತಡೆಯಲು ಹಿಂದಿನ ಕಾಲಕ್ಕೆ ಹೋಗುತ್ತವೆ. ಮೊದಲ ನಾಟಕದ ವಸ್ತು 1189ರ ಅತ್ಸುಕಾಶಿಯಾಮ ಯುದ್ಧದ ಸುತ್ತಲಿನದು. ಆ ಕಾಲದ ಸೇನಾನಿ ಯೋಶಿತ್ಸುನೆಯ ಮೇಲೆ ಅಲ್ಲಿನ ಜನರಿಗೆ ಇಂದಿಗೂ ಅಪಾರ ಮಮತೆ ಇದೆ, ಆದರೆ ಆತನ ಸಾವನ್ನು ತಪ್ಪಿಸಬಾರದೆಂಬುದೇ ಕಥೆಯ ಕಟ್ಟು. ಅದನ್ನು ನೋಡಿದ ದಿನವೇ ನನಗೆ ತಾಳಿಕೋಟೆಯಲ್ಲಿ ಮಡಿದ ವಿಜಯನಗರದ ಅಳಿಯ ರಾಮರಾಯ ನೆನಪಾದನು. ಅವರ ಪಾತ್ರಗಳನ್ನಾಗಲಿ ಹಾಡುಗಳನ್ನಾಗಲಿ ನಾನು ಮುಟ್ಟಲಿಲ್ಲ. ಆಯುಧಕ್ಕೆ ಜೀವ ಬರುವ ಕಲ್ಪನೆಯನ್ನೂ ಸೋಲನ್ನು ಕಾಯುವ ಧರ್ಮಸಂಕಟವನ್ನೂ ಮಾತ್ರ ತೆಗೆದುಕೊಂಡು, ಕಥೆಯನ್ನು ಕೃಷ್ಣಾ ತೀರದ ರಕ್ಕಸಗಿ ಮತ್ತು ತಂಗಡಗಿಯ ನಡುವೆ ಹೊಸದಾಗಿ ಹೆಣೆದೆನು.

ಮೊದಲ ರೂಪ ಎಲ್ಲರೂ ಹೇಳಿಕೊಟ್ಟ ದಾರಿಯಲ್ಲೇ ನಡೆಯಿತು, ಎಲ್ಲ ಬಗೆಯಲ್ಲೂ ಸೋತಿತು. ಹಿಂಬದಿಗೆ ಎಲ್‌ಇಡಿ ವಾಲ್, ಹಾಡುಗಳಿಗೆ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್, ಆರು ಜನ ವೀರರಿಗೂ ಕೆನ್ನೆಯ ಮೈಕ್. ವಾಲ್‌ನ ಬಾಡಿಗೆಯೇ ದಿನಕ್ಕೆ ಮೂವತ್ತೈದರಿಂದ ನಲವತ್ತು ಸಾವಿರ. ಮೈಕುಗಳಿಗೆ ಸೆಟ್ಟಿಗೆ ಒಂದೂವರೆ ಸಾವಿರದಂತೆ ಇನ್ನಷ್ಟು. ಸ್ಟುಡಿಯೋ, ಗ್ರಾಫಿಕ್ಸ್, ವೇಷಭೂಷಣ ಎಲ್ಲ ಸೇರಿ ಮೊದಲ ಪ್ರಯೋಗದ ಹೊತ್ತಿಗೆ ನಾಲ್ಕೂವರೆ ಲಕ್ಷ ದಾಟಿತ್ತು. ಒಂದು ಲಕ್ಷ ಕೊಡುವುದಾಗಿ ಮಾತು ಕೊಟ್ಟಿದ್ದ ಪ್ರಾಯೋಜಕರು, ರಾಮರಾಯ ಕೊನೆಯಲ್ಲಿ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಹಿಂದೆ ಸರಿದರು. ಎರಡನೆಯ ಪ್ರಯೋಗದಲ್ಲಿ ವಿದ್ಯುತ್ ಒಂದು ಕ್ಷಣ ಹೋಗಿ ಬಂದಿತು. ಟ್ರ್ಯಾಕ್ ಮೊದಲಿನಿಂದ ಶುರುವಾಯಿತು, ನಟರು ಯುದ್ಧದ ನಡುವಿನಲ್ಲಿದ್ದರು, ಗೋಡೆಯ ಮೇಲೆ ಹಂಪಿಯ ಬದಲು ಬಾಡಿಗೆಯವರ ಲಾಂಛನ ಬೆಳಗುತ್ತಿತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ವಿದ್ಯುತ್ತಲ್ಲ, ಉಸಿರು. ಜಪಾನಿನ ನಟರು ಕತ್ತಿ ಬೀಸುತ್ತಲೇ ಹಾಡುತ್ತಾರೆ, ಏಕೆಂದರೆ ಅದೇ ಅವರ ಪೂರ್ಣಾವಧಿ ವೃತ್ತಿ. ನಮ್ಮ ಹುಡುಗರು ಬ್ಯಾಂಕು, ಶಾಲೆ, ಗ್ಯಾರೇಜಿನ ಕೆಲಸ ಮುಗಿಸಿ ಸಂಜೆ ಏಳಕ್ಕೆ ತಾಲೀಮಿಗೆ ಬರುವವರು. ಎರಡು ಸುತ್ತು ಕತ್ತಿವರಸೆ ಆದ ಮೇಲೆ ಮೇಲಿನ ಷಡ್ಜದಂಥ ಎತ್ತರದ ಸ್ವರ ಯಾರ ಗಂಟಲಿಗೂ ಎಟುಕುತ್ತಿರಲಿಲ್ಲ. ತುಟಿ ಆಡಿಸಿ ಟ್ರ್ಯಾಕಿಗೆ ಹಾಡಿಸಿದರೆ ಮೂರನೆಯ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತಿತ್ತು.

ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇತ್ತು. ಯಕ್ಷಗಾನದಲ್ಲಿ ಕುಣಿಯುವವನು ಹಾಡುವುದಿಲ್ಲ, ಭಾಗವತ ಹಾಡುತ್ತಾನೆ, ವೇಷಧಾರಿ ಹೆಜ್ಜೆಯನ್ನೂ ಮಾತನ್ನೂ ನೋಡಿಕೊಳ್ಳುತ್ತಾನೆ. ಯುದ್ಧಕ್ಕೆಂದೇ ಏರುಪದ್ಯಗಳಿವೆ. ನಾನು ಟ್ರ್ಯಾಕನ್ನು ಕಿತ್ತುಹಾಕಿ, ಒಬ್ಬ ಭಾಗವತ, ಕಂಪನಿ ನಾಟಕದ ಶೈಲಿಯ ಕಾಲು ಹಾರ್ಮೋನಿಯಂ, ತಬಲಾ, ದೊಡ್ಡಾಟದ ಮದ್ದಳೆ, ಕರಾವಳಿಯಿಂದ ಕರೆಸಿದ ಚಂಡೆ ಇಷ್ಟನ್ನು ರಂಗದ ಬಲಕ್ಕೆ, ನೋಡುಗರಿಗೆ ಕಾಣುವಂತೆ ಕೂರಿಸಿದೆನು. ದೊಡ್ಡಾಟದ ಮದ್ದಳೆಗೂ ಕರಾವಳಿಯ ಚಂಡೆಗೂ ಹೊಂದಿಕೆಯಾಗದೆಂದು ಎರಡೂ ಕಡೆಯ ಹಿರಿಯರು ಎಚ್ಚರಿಸಿದ್ದರು. ಚಂಡೆಯನ್ನು ಯುದ್ಧದ ದೃಶ್ಯಗಳಿಗೆ ಮಾತ್ರ ಮೀಸಲಿಟ್ಟ ಮೇಲೆ ಆ ಜಗಳ ಏಳಲೇ ಇಲ್ಲ.

ಕಾಲಪ್ರಯಾಣದ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ವಾಲ್ ಇಲ್ಲದ ಮೇಲೆ ಬೆಳಕಿನ ಬಣ್ಣ ಬದಲಿಸಿ ನೋಡಿದೆವು, ಹೊಗೆ ಬಿಟ್ಟೆವು, ಸೂತ್ರಧಾರನಿಂದ ಇಸವಿ ಹೇಳಿಸಿದೆವು. ಪ್ರತಿ ಬಾರಿಯೂ ಅರ್ಧ ಸಭೆ ಪಕ್ಕದವರನ್ನು ಕೇಳುತ್ತಿತ್ತು. ಒಂದು ರಾತ್ರಿ ತಾಲೀಮಿನಲ್ಲಿ ತಬಲಾದವರು ಈ ಕಾಲದ ಹಾಡಿಗೆ ನಾಲ್ಕರ ನಡೆ, ಅಂದರೆ ನಾಲ್ಕು ಎಣಿಕೆಯ ತಾಳ, ಹಿಡಿದಿದ್ದರು. ಮದ್ದಳೆಯ ಹಿರಿಯರು ವಿಜಯನಗರದ ಹಾಡಿಗೆ ಏಳಕ್ಷರದ, ಅಂದರೆ ಏಳು ಎಣಿಕೆಯ, ತ್ರಿವುಡೆ ತಾಳವನ್ನು ಅಭ್ಯಾಸ ಮಾಡುತ್ತಿದ್ದರು. ಇಬ್ಬರೂ ನಿಲ್ಲಿಸದೆ ಹೋದಾಗ ಎರಡೂ ಒಂದು ಕಡೆ ಬಂದು ಕೂಡಿದವು. ಹಿರಿಯರು ತಲೆ ಎತ್ತಿ, "ಸರ, ಇಪ್ಪತ್ತೆಂಟಕ್ಕ ಎರಡೂ ಸಮಕ್ಕ ಬರತಾವ್ರೀ. ಅಲ್ಲೇ ಬಾಗಲಾ ತೆಗೀರಿ" ಎಂದರು. ನಾಟಕ ನಿಂತದ್ದು ಆ ಮಾತಿನ ಮೇಲೆ.

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಅಕ್ಷರದ ವೇಗ ಒಂದೇ ಇರಲಿ. ನಾಲ್ಕರ ಆವರ್ತ ಏಳು ಸಲ, ಏಳರ ಆವರ್ತ ನಾಲ್ಕು ಸಲ ಮುಗಿಯುವಾಗ ಇಪ್ಪತ್ತೆಂಟು ಅಕ್ಷರಗಳು ತುಂಬುತ್ತವೆ, ಮುಂದಿನ ಏಟು ಇಬ್ಬರಿಗೂ ಸಮ, ಅಂದರೆ ಆವರ್ತದ ಮೊದಲ ಏಟು. ಆ ಸಮದಲ್ಲಿ ಮಾತ್ರ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೆಜ್ಜೆ ಇಡಬಹುದು, ತಪ್ಪಿದರೆ ಮುಂದಿನ ಸಮದವರೆಗೆ ಕಾಯಬೇಕು. ನಾಟಕದ ಏಕೈಕ ವಿಜ್ಞಾನ ಇದು. ನಿಮಿಷಕ್ಕೆ ನೂರೈವತ್ತು ಅಕ್ಷರದ ವೇಗದಲ್ಲಿ ಒಂದು ಸುತ್ತಿಗೆ ಹನ್ನೊಂದು ಸೆಕೆಂಡು ಹಿಡಿಯುತ್ತದೆ. ಸಭೆ ಉಸಿರು ಬಿಗಿಹಿಡಿದು ಕಾಯಲು ಅಷ್ಟು ಸಾಕು, ಬೇಸರಕ್ಕೆ ಎಡೆಯಿಲ್ಲ. ಐದರ ನಡೆಯನ್ನೂ ಸೇರಿಸಿ ಮೂರು ಕಾಲಗಳನ್ನು ಬೆಸೆಯಲು ಒಮ್ಮೆ ಪ್ರಯತ್ನಿಸಿದೆವು. ಮೂರೂ ಕೂಡುವುದು ನೂರನಲವತ್ತಕ್ಕೆ, ಹೆಚ್ಚುಕಡಿಮೆ ಒಂದು ನಿಮಿಷ. ಅಷ್ಟರಲ್ಲಿ ಜನ ಎಣಿಕೆ ಮರೆತಿದ್ದರು. ವಾದ್ಯದವರಿಗೆ ಅದು ಬಹಳ ಇಷ್ಟವಾಗಿದ್ದರೂ ಬಿಟ್ಟುಬಿಟ್ಟೆವು.

ಸಭೆಗೆ ಇದನ್ನು ಕಲಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ದೃಶ್ಯದಲ್ಲಿ ರಂಗದ ಮೇಲೆ ಯಾರೂ ಇರುವುದಿಲ್ಲ. ತಬಲಾ ನಾಲ್ಕನ್ನು ಹಿಡಿಯುತ್ತದೆ, ಮದ್ದಳೆ ಏಳನ್ನು ಹಿಡಿಯುತ್ತದೆ, ಎರಡೂ ಕೂಡುವ ಸಮಕ್ಕೆ ಮಾತ್ರ ಭಾಗವತರು ಜಾಗಟೆ ಹೊಡೆಯುತ್ತಾರೆ. ಇದು ಮೂರು ಸುತ್ತು ನಡೆಯುತ್ತದೆ. ನಾಲ್ಕನೆಯ ಜಾಗಟೆಗೆ ಆರು ಜನರ ಬಲಗಾಲು ಒಟ್ಟಿಗೆ ರಂಗಕ್ಕೆ ಬೀಳುತ್ತದೆ, ಬೆಳಕು ಅಲ್ಲಿಯೇ ಬದಲಾಗುತ್ತದೆ. ಆ ಬೆಳಕು ಬದಲಾಗುವ ಕ್ರಮದಲ್ಲಿ ಒಂದು ಚಿಕ್ಕ ಗುಟ್ಟಿದೆ. ಡಿಮ್ಮರಿನ ಮೇಲೆ ಕೈಯಿಟ್ಟವನು ಜಾಗಟೆಗೆ ಅಲ್ಲ, ಬೇರೊಂದಕ್ಕೆ ಕಿವಿಗೊಡುತ್ತಾನೆ. ಅದನ್ನು ಇಲ್ಲಿ ಬಿಡಿಸಿ ಹೇಳಲಾರೆ, ನಮ್ಮ ತಂಡಕ್ಕೆ ಅನ್ನ ಕೊಡುತ್ತಿರುವುದು ಅದೇ. ಮೂರನೆಯ ದೃಶ್ಯದ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ತೊಡೆಯ ಮೇಲೆ ಇಪ್ಪತ್ತೆಂಟನ್ನು ಎಣಿಸುತ್ತಿರುತ್ತಾರೆ.

ಇದರಿಂದ ನಾನು ನಿರೀಕ್ಷಿಸದ ಲಾಭವೊಂದು ದೊರೆಯಿತು. 1565ಕ್ಕೆ ಸೇರಿದವರೆಲ್ಲ ಏಳರ ನಡೆಯಲ್ಲಿ ಹೆಜ್ಜೆ ಹಾಕುತ್ತಾರೆ, ಹೊರಗಿನಿಂದ ಬಂದವರೆಲ್ಲ ನಾಲ್ಕರಲ್ಲಿ. ರಾಮರಾಯನ ಪಾಳೆಯದಲ್ಲಿ ಇತಿಹಾಸ ತಿದ್ದುವ ಪಡೆಯ ಗೂಢಚಾರನೊಬ್ಬ ದಂಡನಾಯಕನ ವೇಷದಲ್ಲಿ ಸೇರಿಕೊಂಡಿರುತ್ತಾನೆ. ಅವನ ಮಾತು, ಉಡುಗೆ, ವಿನಯ ಯಾವುದರಲ್ಲೂ ಕೊರತೆಯಿಲ್ಲ, ಕಾಲು ಮಾತ್ರ ನಾಲ್ಕರಲ್ಲಿ ಬೀಳುತ್ತದೆ. ಪಾತ್ರಗಳಿಗೆ ತಿಳಿಯುವುದಕ್ಕೆ ಮೊದಲೇ ಸಭೆಗೆ ತಿಳಿಯುತ್ತದೆ. ಧಾರವಾಡದ ಪ್ರಯೋಗದಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು "ಅವ ನಮ್ಮಾಂವ ಅಲ್ಲ!" ಎಂದು ಕೂಗಿದಳು. ಯಾವ ಎಲ್‌ಇಡಿ ವಾಲ್‌ನಿಂದಲೂ ಇಂಥ ಕೂಗು ಬಂದಿರಲಾರದು.

ಕತ್ತಿಗಳ ವಿಷಯ ಚಿಕ್ಕದು. ಸಾಗುವಾನಿಯದು ಎರಡನೆಯ ವಾರಕ್ಕೆ ಸೀಳಿತು, ಅಲ್ಯೂಮಿನಿಯಂ ಬಾಗಿತು, ಅದರ ಸದ್ದೂ ಪಾತ್ರೆಯ ಸದ್ದಿನಂತಿತ್ತು. ಈಗ ಹಗುರವಾದ ಬಿದಿರಿನ ಪಟ್ಟಿಗಳನ್ನು ಅಂಟಿಸಿ ಮಾಡಿದ ಕತ್ತಿಗಳನ್ನು ಬಳಸುತ್ತೇವೆ. ಒಂದಕ್ಕೆ ನಾನೂರು ರೂಪಾಯಿ ಬೀಳಬಹುದು. ಅವುಗಳಿಗೆ ಸದ್ದೇ ಇಲ್ಲ, ಸದ್ದನ್ನು ಹಿಮ್ಮೇಳದ ಚಕ್ರತಾಳ ಕೊಡುತ್ತದೆ. ಹೊಡೆತಗಳೆಲ್ಲ ತಾಳದ ಅಕ್ಷರಗಳಿಗೇ ಕಟ್ಟಿರುವುದರಿಂದ ಕತ್ತಿಗೆ ಕತ್ತಿ ತಾಗಲೇಬೇಕೆಂದಿಲ್ಲ, ಆದ್ದರಿಂದ ಗಾಯಗಳೂ ನಿಂತವು.

ವೀರರಲ್ಲಿ ಐವರು ಖಡ್ಗ, ಭರ್ಜಿ, ಕಠಾರಿ, ಬಿಲ್ಲು, ಗುರಾಣಿ. ಆರನೆಯದು ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಈಗ ವಿಜಯಪುರದ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ನಮ್ಮ ಕಡೆಯವರೆಲ್ಲ ಚಿಕ್ಕಂದಿನಲ್ಲಿ ಕೈಯಾಡಿಸಿದ ತೋಪು. ಅದರ ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ತಾಳಿಕೋಟೆಯಲ್ಲಿ ವಿಜಯನಗರದ ಎದುರು ಗುಡುಗಿದ್ದೆಂದು ಹೆಸರಾದ ಆಯುಧವೇ ಆ ದಿನವನ್ನು ಕಾಯಲು ಮರಳಿ ಬರುವುದು ನನಗೆ ಕಥೆಯ ಜೀವಾಳವಾಗಿ ಕಂಡಿತು. ಆ ಪಾತ್ರಕ್ಕೆ ತಗ್ಗಿನ ಸ್ಥಾಯಿಯಲ್ಲಿ ನಿಲ್ಲಬಲ್ಲ ಧ್ವನಿ ಬೇಕಿತ್ತು, ಭಜನಾ ಮಂಡಳಿಯೊಂದರಲ್ಲಿ ಸಿಕ್ಕಿತು. ಅವರೊಬ್ಬರು ಮಾತ್ರ ತಮ್ಮ ಹಾಡನ್ನು ತಾವೇ ಹಾಡುತ್ತಾರೆ, ಏಕೆಂದರೆ ತೋಪು ಓಡಾಡುವುದಿಲ್ಲ. ನಗಾರಿಯ ಚರ್ಮವನ್ನು ಎಷ್ಟು ಸಡಿಲಿಸಿದರೆ ಅವರ ಧ್ವನಿಗೆ ಕೂಡುತ್ತದೆಂದು ಕಂಡುಹಿಡಿಯಲು ಒಂದು ತಿಂಗಳೇ ಹೋಯಿತು. ಅದಕ್ಕೆಂದು ಸಿಂಥಸೈಜರನ್ನೂ ತಂದು ನೋಡಿದೆ. ಹನ್ನೆರಡು ಸಾವಿರ ಕೊಟ್ಟ ಆ ಪೆಟ್ಟಿಗೆ ಈಗ ಶಾಲೆಯ ವಾರ್ಷಿಕೋತ್ಸವಗಳಿಗೆ ಹೋಗುತ್ತದೆ.

ಎರಡನೆಯ ಆಕ್ಷೇಪಕ್ಕೆ ಉತ್ತರ ಕಂಡುಕೊಳ್ಳಲು ಹೆಚ್ಚು ಕಾಲ ಹಿಡಿಯಿತು. ಸೋಲನ್ನು ಕಾಯುವವರ ಪರವಾಗಿ ಸಭೆ ನಿಲ್ಲಬೇಕಾದರೆ ಸೋಲನ್ನು ಅಳಿಸುವ ಆಸೆ ಮೊದಲು ಸಭೆಗೇ ಹುಟ್ಟಬೇಕು. ಆದ್ದರಿಂದ ತಿದ್ದುವ ಪಡೆಯನ್ನು ರಾಕ್ಷಸರಂತೆ ಬರೆಯಲಿಲ್ಲ. ಅವರು ರಾಮರಾಯನನ್ನು ಪ್ರೀತಿಸುವವರು. ಬಿಜಾಪುರದ ಅಲಿ ಆದಿಲ್ ಶಾಹನು ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ವಿಜಯನಗರಕ್ಕೆ ಹೋದದ್ದನ್ನೂ, ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದ್ದನ್ನೂ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ತಿದ್ದುವ ಪಡೆ ಕಾಲಿಡುವುದು ಅಲ್ಲಿಗೆ. ಆ ಸಂಬಂಧ ಒಡೆಯದಿದ್ದರೆ ಯುದ್ಧವೇ ಇಲ್ಲ ಎಂದು ಅವರು ಹಾಡುತ್ತಾರೆ. ನಾಟಕದ ಅತ್ಯಂತ ಮಧುರವಾದ ಹಾಡನ್ನು, ಹತ್ತಕ್ಷರದ ಝಂಪೆ ತಾಳದಲ್ಲಿ, ಬೇಕೆಂದೇ ಅವರಿಗೆ ಕೊಟ್ಟೆನು. ಇದೊಂದು ದೃಶ್ಯದಿಂದ ಇನ್ನೊಂದು ಭಯವೂ ದೂರವಾಯಿತು. ನಾಟಕ ಒಂದು ಧರ್ಮದ ಎದುರು ಇನ್ನೊಂದನ್ನು ನಿಲ್ಲಿಸುತ್ತದೆಂದು ಶಂಕಿಸಿದವರು, ತಾಯಿ ಮಗನ ಆ ದೃಶ್ಯ ಕಂಡ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕೊನೆಯ ಯುದ್ಧದಲ್ಲಿ ವೃದ್ಧ ರಾಮರಾಯ ಸೆರೆಯಾಗುತ್ತಾನೆ, ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಎದುರಿಗೆ ತರುತ್ತಾರೆ. ತಬಲಾ, ಮದ್ದಳೆ ಎರಡೂ ಶುರುವಾಗುತ್ತವೆ. ಇಪ್ಪತ್ತೆಂಟಕ್ಕೆ ಬಾಗಿಲು ತೆರೆಯುತ್ತದೆ, ಒಂದು ಹೆಜ್ಜೆ ಇಟ್ಟರೆ ಅವನನ್ನು ಎಳೆದುಕೊಂಡು ಹೋಗಬಹುದು. ಸಭೆಗೆ ಇದು ಅಷ್ಟರಲ್ಲಿ ಅಂಗೈ ಗೆರೆಯಷ್ಟು ಪರಿಚಿತ. ಜಾಗಟೆ ಬೀಳುತ್ತದೆ, ವೀರರು ಕದಲುವುದಿಲ್ಲ. ಇನ್ನೊಂದು ಸುತ್ತು, ಮತ್ತೆ ಕದಲುವುದಿಲ್ಲ. ಆಮೇಲೆ ತಿದ್ದುವ ಪಡೆಯ ನಾಯಕಿಯನ್ನು ತೋಪಿನ ಪಾತ್ರಧಾರಿ ಹಾಡಿನಿಂದಲೇ ತಡೆಯುತ್ತಾನೆ. ರಾಮರಾಯನ ತಮ್ಮ ತಿರುಮಲರಾಯ ಪೆನುಕೊಂಡೆಗೆ ಹೊರಡದಿದ್ದರೆ ಮುಂದಿನವರು ಯಾರೂ ಇಲ್ಲ, ಈ ಕಥೆ ಹಾಡುವ ನಾವೂ ಇಲ್ಲ ಎಂಬುದು ಆ ಹಾಡಿನ ಸಾರ. ತಾಳಿಕೋಟೆಯಲ್ಲಿಯೇ ಬಯಲಿನಲ್ಲಿ ಆಡಿದಾಗ ಮೊದಲ ಜಾಗಟೆಗೆ "ಹೋಗ್ರೋ!" ಎಂದು ಕೂಗಿದ ಜನ ಮೂರನೆಯದಕ್ಕೆ ಕೂಗಲಿಲ್ಲ. ಪ್ರಾಯೋಜಕರು ಬೇಡವೆಂದ ದೃಶ್ಯ ಅದೇ.

ಜಪಾನಿನವರು ಮೊದಲರ್ಧ ನಾಟಕ, ಎರಡನೆಯರ್ಧ ಹಾಡಿನ ಕಛೇರಿ ಮಾಡುತ್ತಾರೆ, ಪ್ರೇಕ್ಷಕರು ಬಣ್ಣದ ದೀಪದ ಕಡ್ಡಿಗಳನ್ನು ಬೀಸುತ್ತಾರೆ. ಕಾಲೇಜೊಂದರಲ್ಲಿ ನಾವೂ ಹಾಗೆ ಮಾಡಿ, ಮೊಬೈಲ್ ಬೆಳಕು ಹಿಡಿಸಿದೆವು. ವಿದ್ಯಾರ್ಥಿಗಳು ಒಂದು ಗಂಟೆ ಬಿಡಲಿಲ್ಲ. ಹಳ್ಳಿಗಳಲ್ಲಿ ಮಂಗಳದ ನಂತರ ಹಾಡು ಮುಂದುವರಿಸಿದರೆ ಹಿರಿಯರು ಎದ್ದು ಹೊರಡುತ್ತಾರೆ. ಅದಕ್ಕೇ ಅಲ್ಲಿ ಹಾಡುಗಳನ್ನು ನಾಟಕಕ್ಕೆ ಮೊದಲು, ಜನ ಸೇರುವ ಹೊತ್ತಿನಲ್ಲಿ ಹಾಡಿಸುತ್ತೇವೆ.

ಎರಡನೆಯ ರೂಪವನ್ನು ಕಟ್ಟಲು ಹೆಚ್ಚೆಂದರೆ ಒಂದೂ ಮುಕ್ಕಾಲು ಲಕ್ಷ ಆಗಿರಬೇಕು, ಅದರಲ್ಲಿ ಅರ್ಧ ವೇಷಭೂಷಣಕ್ಕೆ. ಒಂದು ಪ್ರಯೋಗಕ್ಕೆ ಟೆಂಪೋ, ಊಟ, ವಾದ್ಯದವರ ಸಂಭಾವನೆ ಎಲ್ಲ ಸೇರಿ ಇಪ್ಪತ್ತೆಂಟು, ಮೂವತ್ತು ಸಾವಿರ. ಕರೆಸಿಕೊಳ್ಳುವವರಿಂದ ನಲವತ್ತೈದು ಸಾವಿರ ಕೇಳುತ್ತೇವೆ, ಟಿಕೆಟ್ಟಿಟ್ಟರೆ ತಲೆಗೆ ನೂರೈವತ್ತು ರೂಪಾಯಿ. ಹಿಮ್ಮೇಳದವರಿಗೆ ನಟರಿಗಿಂತ ಹೆಚ್ಚು ಕೊಡುತ್ತೇನೆ, ಇದನ್ನು ನಟರೂ ಒಪ್ಪಿದ್ದಾರೆ.

ಈ ಮಾದರಿಯನ್ನು ಬೇರೆ ಕಥೆಗೆ ಬಳಸಲು ಬಯಸುವವರು ನಟರನ್ನು ಕರೆಯುವುದಕ್ಕೆ ಮೊದಲು ಇಬ್ಬರು ವಾದ್ಯದವರನ್ನು ಒಂದು ತಿಂಗಳು ಎದುರುಬದುರು ಕೂರಿಸಿರಿ. ಏಳನ್ನು ಹಿಡಿದವರು ನಾಲ್ಕರ ಕಡೆಗೆ ಜಾರುವುದು ನಿಂತ ದಿನ ಮಾತ್ರ ನಟರಿಗೆ ಹೇಳಿಕಳಿಸಿರಿ. ನಮ್ಮ ಮುಂದಿನ ಕಥೆ ಹಂಪಿಗೇ ಸಂಬಂಧಿಸಿದ್ದು. ಅದಕ್ಕೆ ಐದು ಮತ್ತು ಏಳನ್ನು, ಮೂವತ್ತೈದಕ್ಕೆ ಕೂಡುವಂತೆ, ಈಗಾಗಲೇ ತಾಲೀಮಿಗೆ ಇಟ್ಟಿದ್ದೇವೆ.